ಸ್ಟೆಂಗರ್ ಮೇಷ್ಟ್ರ ಕೋಳಿಗೂಡು

ಎಲ್ಲ ಅನಾಹುತಕ್ಕೂ ಮೂಲ ಮಂಡಿನೋವು. ಪೆನ್ಸಿಲ್ವೇನಿಯಾದ ಒಂದು ಸಣ್ಣ ಊರಿನ ನಿವೃತ್ತ ಮೇಷ್ಟ್ರು ಆರ್ವಿಲ್ ಸ್ಟೆಂಗರ್, ತಮ್ಮ ಮಂಡಿಗಾಗಿ ಹಿತ್ತಿಲಲ್ಲಿ ಬಿಸಿನೀರಿನ ತೊಟ್ಟಿಯೊಂದನ್ನು ತಂದಿಟ್ಟುಕೊಂಡಿದ್ದರು. ಪ್ಲಗ್ ಹಾಕಿದರೆ ಸಾಕು, ಗುಳುಗುಳು ಎನ್ನುತ್ತಿತ್ತು. ಮನೆಗಳಿಗೆ ಹೊಸದಾಗಿ ಬೆಲೆ ಕಟ್ಟಿ ತೆರಿಗೆ ಹಾಕುವವರು ಅವತ್ತು ಮಧ್ಯಾಹ್ನ ಅವರ ಬೀದಿಗೆ ಬರುವವರಿದ್ದರು.

"ತೊಟ್ಟಿ ಕಣ್ಣಿಗೆ ಬಿದ್ರೆ ಮುಗೀತು ಮೇಷ್ಟ್ರೇ," ಎಂದ ಪಕ್ಕದ ಮನೆಯ ಗಸ್ ಪಪ್ಪಾಸ್, ಬೇಲಿಯ ಮೇಲೆ ಕಾಫಿ ಲೋಟ ಇಟ್ಟು. "ನಮ್ ಭಾವ ಮನೆ ಹಿಂದೆ ಮರದ ಜಗಲಿ ಕಟ್ಟಿಸ್ದ. ತೆರಿಗೆ ಏರಿದ್ದು ನೋಡಿ, ಈಗ ಅದೇ ಜಗಲಿ ಮೇಲೆ ಕೂತು ಅಳ್ತಾನೆ."

ಮೇಷ್ಟ್ರಿಗೆ ಫಜೀತಿ. ಮನೆ ತೆರಿಗೆಯಿಂದಲೇ ಊರಿನ ಶಾಲೆ ನಡೆಯುವುದು, ಅದರಿಂದಲೇ ಅವರು ಜೀವಮಾನವಿಡೀ ಸಂಬಳ ತಿಂದದ್ದು. ಹೋದ ತಿಂಗಳು ಊರಸಭೆಯಲ್ಲಿ ಎದ್ದು ನಿಂತು, ತೆರಿಗೆ ತಪ್ಪಿಸುವವರು ಮಕ್ಕಳ ಪುಸ್ತಕ ಕದ್ದ ಹಾಗೆ ಎಂದು ಗುಡುಗಿದ್ದರು. ಬಿದ್ದ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು.

"ನಾವೇನು ಸುಳ್ಳು ಹೇಳ್ತೀವಾ? ಸ್ವಲ್ಪ ಮುಚ್ತೀವಿ, ಅಷ್ಟೆ," ಎಂದ ಗಸ್.

ಮೇಷ್ಟ್ರು ಈ ವಾದವನ್ನು ನಾಚಿಕೆಯಾಗುವಷ್ಟು ಬೇಗ ಒಪ್ಪಿಕೊಂಡರು.

ಮೊದಲು ಟಾರ್ಪಾಲು ಹೊದಿಸಿದರು. ಗಾಳಿಗೆ ಅದು ಹಾರಿ ಗಸ್‌ನ ಗುಲಾಬಿ ಗಿಡದ ಮೇಲೆ ಕೂತಿತು. ಗಸ್ ತನ್ನ ಗ್ಯಾರೇಜಿನಿಂದ ಹಲಗೆ ತಂದ. ಹಲಗೆ ನಿಲ್ಲಲು ಕಂಬ ಬೇಕಾಯಿತು, ನಾಲ್ಕು ಮೂಲೆಯಲ್ಲಿ ಗುಂಡಿ ತೋಡಿ ಹೂತರು. ಮೇಲಿನಿಂದ ಕಾಣಬಾರದೆಂದು ತಗಡಿನ ಚಾವಣಿಯೂ ಬಂತು.

"ಬಾಗಿಲು ಎಲ್ಲಪ್ಪ?" ಎಂದರು ಮೇಷ್ಟ್ರು, ಸುತ್ತಿಗೆ ಬಿದ್ದ ಹೆಬ್ಬೆರಳು ಚೀಪುತ್ತಾ.

"ಬಾಗಿಲಿದ್ರೆ ತೆಗೀರಿ ಅಂತಾರೆ. ಇಲ್ದೆ ಇದ್ರೆ ಏನು ತೆಗೀತಾರೆ?"

ಅಷ್ಟರಲ್ಲಿ ಕಾರು ನಿಂತಿತು. ಇಳಿದವಳು ಟ್ರೂಡಿ ಹಾಲ್ವರ್ಸನ್. ನಾಲ್ಕನೇ ತರಗತಿಯಲ್ಲಿ ಡೆಸ್ಕಿನೊಳಗೆ ಕಪ್ಪೆ ಬಚ್ಚಿಟ್ಟು, ಇದೇ ಮೇಷ್ಟ್ರಿಂದ ಗಂಟೆ ಹೊಡೆಯುವವರೆಗೂ ಗೋಡೆಗೆ ಮುಖ ಮಾಡಿ ನಿಲ್ಲುವ ಶಿಕ್ಷೆ ಅನುಭವಿಸಿದ್ದ ಹುಡುಗಿ. ಈಗ ಕೈಯಲ್ಲಿ ಅಳತೆ ಟೇಪು ಹಿಡಿದ ಅಧಿಕಾರಿ.

"ಇದೇನು ಮೇಷ್ಟ್ರೇ?"

"ಕೋಳಿಗೂಡಮ್ಮ," ಎಂದರು ಮೇಷ್ಟ್ರು. ಪ್ಲಗ್ ತೆಗೆಯಲು ಮರೆತದ್ದು ಆಗ ನೆನಪಾಯಿತು. ಹಲಗೆಗಳ ಸಂದಿಯಿಂದ ಹಬೆ ಏಳುತ್ತಿತ್ತು.

"ಕೋಳಿಗಳು ಸಿಗರೇಟ್ ಸೇದ್ತಾವಾ?"

"ಚಳಿ ಅಲ್ವಾ. ಅವುಗಳ ಉಸಿರು."

ಆಗಲೇ ಹಿಂಬಾಗಿಲು ತೆರೆಯಿತು. ಬೆಳಗಿನಿಂದ ಚರ್ಚಿನ ಕೇಕ್ ಮಾರಾಟದಲ್ಲಿ ನಿಂತು ಸುಸ್ತಾಗಿ ಬಂದಿದ್ದ ಹೆಂಡತಿ ಬರ್ನಿಸ್, ಈಜುಡುಪಿನ ಮೇಲೆ ಟವೆಲು ಸುತ್ತಿಕೊಂಡು ಹೊರಗೆ ಬಂದಳು.

"ರೀ, ನನ್ನ ತೊಟ್ಟಿ ಎಲ್ರೀ?"

ನೆಲ ಬಾಯಿ ಬಿಟ್ಟಿದ್ದರೆ ಮೇಷ್ಟ್ರು ಮಂಡಿನೋವು ಮರೆತು ಹಾರಿಬಿಡುತ್ತಿದ್ದರು. ಬೇಲಿಯ ಕಡೆ ನೋಡಿದರು. ಅಲ್ಲಿ ಕಾಫಿ ಲೋಟ ಮಾತ್ರ ಇತ್ತು, ಗಸ್ ಇರಲಿಲ್ಲ.

ಟ್ರೂಡಿ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. "ತೊಟ್ಟಿ ನನ್ನ ಲೆಕ್ಕಕ್ಕೇ ಬರಲ್ಲ ಮೇಷ್ಟ್ರೇ," ಎಂದಳು ಮೆಲ್ಲಗೆ. "ಪ್ಲಗ್ ಕಿತ್ತು, ಸೋಫಾ ಥರ ಎತ್ಕೊಂಡು ಹೋಗೋ ಸಾಮಾನು ಅದು. ಆದ್ರೆ ಕಂಬ ಹೂತು ಚಾವಣಿ ಹಾಕಿದ್ದು ಕಟ್ಟಡ. ಅದಕ್ಕೆ ತೆರಿಗೆ ಇದೆ."

"ಈಗ್ಲೇ ಕಿತ್ತು ಹಾಕ್ತೀನಿ."

"ಇವತ್ತು ನಿಂತಿದೆಯಲ್ಲ. ಕಂಡದ್ದನ್ನ ಕಂಡ ಹಾಗೇ ಬರೀಬೇಕು ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

ಅವಳು ಗೂಡಿನ ಉದ್ದ ಅಗಲ ಅಳೆದು, ಟೇಪು ಸುತ್ತಿಕೊಂಡು, ಗೌರವದಿಂದಲೇ ನಮಸ್ಕಾರ ಹೇಳಿ ಹೋದಳು. ಆ ಗೌರವವೇ ಮೇಷ್ಟ್ರಿಗೆ ಚುಚ್ಚಿತು. ತಲೆ ತಗ್ಗಿಸಿ ಹೋಗಿ ಗೂಡಿನ ಹಲಗೆಯ ಗೋಡೆಗೆ ಮುಖ ಮಾಡಿ ನಿಂತರು.

"ಬಾಗಿಲು ಹುಡುಕ್ತಾ ಇದೀರೇನ್ರೀ?" ಎಂದಳು ಬರ್ನಿಸ್, ಟವೆಲಿನಲ್ಲಿ ನಡುಗುತ್ತಾ.

ಮೇಷ್ಟ್ರು ತಿರುಗಲಿಲ್ಲ.

"ಗಂಟೆ ಹೊಡೆಯೋವರೆಗೂ ಮಾತಾಡಿಸ್ಬೇಡ ಕಣೇ," ಎಂದರು.