ಕೆಂಪು ಬಾಳೆಹಣ್ಣಿನ ನೆಟ್‌ವರ್ಕು

ಕಲಬುರಗಿಯಲ್ಲಿ ನನಗೆ ಗೊತ್ತಿಲ್ಲದವರು ಯಾರೂ ಇಲ್ಲ ಎಂಬುದು ಹೋದ ವರ್ಷದವರೆಗೂ ನನ್ನ ದೃಢವಾದ ನಂಬಿಕೆಯಾಗಿತ್ತು. ಮೂವತ್ತನಾಲ್ಕು ವರ್ಷ ಈ ಊರಿನ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವಳು ನಾನು. ತರಕಾರಿ ತರಲು ಹೋದರೆ ಯಾರಾದರೊಬ್ಬರು “ನಮಸ್ಕಾರ್ರಿ ಟೀಚರ್” ಅನ್ನುತ್ತಾರೆ. ಬ್ಯಾಂಕಿನ ಕ್ಯೂನಲ್ಲಿ ಮುಂದೆ ಬಿಡುತ್ತಾರೆ. ಒಮ್ಮೆ ಒಬ್ಬ ಡೆಂಟಿಸ್ಟ್, ನನ್ನ ಹಲ್ಲು ಕೀಳುವ ಮುಂಚೆ, ಒಂಬತ್ತನೇ ಕ್ಲಾಸಿನಲ್ಲಿ ಹೋಮ್‌ವರ್ಕ್ ಮಾಡದೆ ಇದ್ದುದಕ್ಕೆ ಕ್ಷಮೆ ಕೇಳಿದ್ದ. ಇಂಥ ಪ್ರತಿಷ್ಠೆ ಇರುವ ಹೆಂಗಸಿಗೆ ಒಂದು ಹುಡುಗಿಗೆ ನೌಕರಿ ಕೊಡಿಸುವುದು ಯಾವ ಮಹಾ ಕೆಲಸ?

ಹುಡುಗಿ ಎಂದರೆ ಭಾಗ್ಯಶ್ರೀ, ಕಮಲಾಪುರದಲ್ಲಿರುವ ನನ್ನ ತಂಗಿಯ ಮೊಮ್ಮಗಳು. ಬಿ.ಕಾಂ. ಮುಗಿಸಿ, ಒಂದು ಟ್ರಂಕು, ಒಂದು ಫೈಲು ಹಿಡಿದು ಬ್ರಹ್ಮಪುರದ ನಮ್ಮ ಮನೆಗೆ ಬಂದಿಳಿದಳು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಅಷ್ಟೆ, ಆದರೆ ಅವಳ ಪಾಲಿಗೆ ಕಲಬುರಗಿ ದೊಡ್ಡ ಶಹರ. ಅವಳ ಅಪ್ಪ ಮೂರು ತಿಂಗಳ ಗಡುವು ಕೊಟ್ಟಿದ್ದ. ಅಷ್ಟರೊಳಗೆ ನೌಕರಿ ಸಿಕ್ಕರೆ ಸರಿ. ಸಿಗದಿದ್ದರೆ ವಾಪಸು ಕಮಲಾಪುರ, ತಹಸೀಲ್ ಕಚೇರಿಯ ಎದುರು ಅವಳ ಅಣ್ಣನ ಜೆರಾಕ್ಸ್ ಅಂಗಡಿ. ಏಳನೇ ಕ್ಲಾಸಿನಿಂದ ಡಿಗ್ರಿ ಮುಗಿಯುವ ತನಕ ಆ ಮಷೀನಿನ ಮುಂದೆ ನಿಂತವಳು ಅವಳು.

“ದೊಡ್ಡಾಯಿ, ಊರಾಗಿನ ಎಲ್ಲಾರ ಆಧಾರ್ ಕಾರ್ಡಿನ ಫೋಟೊ ನನ್ನ ಕನಸಿನ್ಯಾಗ ಬರ್ತಾವ್ರಿ,” ಅಂದಳು ಮೊದಲ ದಿನವೇ. “ಮತ್ತ ಅಲ್ಲಿ ಹೋಗಿ ನಿಂದರೂದು ನನ್ನ ಕೈಲೆ ಆಗೂದಿಲ್ಲ.”

ನಿಲ್ಲಗೊಡುವುದಿಲ್ಲ ಎಂದು ನಾನು ಮನಸ್ಸಿನಲ್ಲೇ ಪ್ಲೆಡ್ಜ್ ಮಾಡಿದೆ.

ಹುಡುಗಿ ಮಾತ್ರ ಬಂದಾಗಿನಿಂದ ಮೂಲೆಯ ಕುರ್ಚಿಯಲ್ಲಿ ಕೂತು ಫೋನು ಒತ್ತುತ್ತಿದ್ದಳು. ನಾಲ್ಕು ದಿನ ನೋಡಿದೆ. ಐದನೇ ದಿನ ಕೇಳಿದೆ.

“ಏನವ್ವ, ಏನ್ ಮಾಡಾಕತ್ತಿ ಅದರಾಗ?”

“ನೆಟ್‌ವರ್ಕಿಂಗ್ ಮಾಡಾಕತ್ತೀನ್ರಿ.”

“ಇದಕ್ಕ ನೆಟ್‌ವರ್ಕಿಂಗ್ ಅಂತಾರೇನು? ಮಂದಿ ಮನೀಗೆ ಹೋಗಬೇಕು, ಕುಂಡ್ರಬೇಕು, ಚಾ ಕುಡೀಬೇಕು. ಪರ್ಸನಲ್ ಟಚ್ ಅಂತ ಒಂದು ಇರ್ತದ.”

“ನಮ್ಮ ಕಾಲದಾಗ ಅದಕ್ಕ ವಶೀಲಿ ಅಂತಿದ್ರು,” ಎಂದು ಪೇಪರಿನ ಹಿಂದಿನಿಂದ ದನಿ ಬಂತು. ನಮ್ಮ ಯಜಮಾನರು ನೀರಾವರಿ ಇಲಾಖೆಯಲ್ಲಿದ್ದವರು. ದಿನಕ್ಕೆ ಮೂರೇ ವಾಕ್ಯ ಆಡುತ್ತಾರೆ, ಮೂರೂ ನನಗೇ ತಾಗುವಂಥವು.

ಅವರನ್ನು ಇಗ್ನೋರ್ ಮಾಡಿ ಕಾರ್ಯಾಚರಣೆ ಆರಂಭಿಸಿದೆ. ಮೊದಲು ಅವಳ ರೆಸ್ಯೂಮೆ ತರಿಸಿ ನೋಡಿದೆ. ಒಂದೇ ಹಾಳೆ. ಅದರಲ್ಲಿ ‘ಟೀಮ್ ಪ್ಲೇಯರ್’ ಎಂದು ಬರೆದುಕೊಂಡಿದ್ದಳು.

“ಯಾವ ಆಟ ಆಡಿದ್ದಿ?”

“ಯಾವುದೂ ಇಲ್ರಿ. ಎಲ್ಲಾರೂ ಹಂಗ ಬರೀತಾರ.”

“ಎಲ್ಲಾರೂ ಬರದ ಸುಳ್ಳು ನೀ ಯಾಕ ಬರೀತಿ?”

ಆ ಹಾಳೆಯನ್ನು ಪಕ್ಕಕ್ಕಿಟ್ಟು ನಾನೇ ಇಂಕ್ ಪೆನ್ನಿನಲ್ಲಿ ಅರ್ಜಿ ಬರೆದೆ. ಕಾನ್ವೆಂಟಿನಲ್ಲಿ ನಮಗೆ ಲೆಟರ್ ರೈಟಿಂಗ್ ಕಲಿಸುತ್ತಿದ್ದ ಸಿಸ್ಟರ್, ಒಳ್ಳೆಯ ಕಾಗದ ಎಲ್ಲ ಬಾಗಿಲನ್ನೂ ತೆರೆಯುತ್ತದೆ, ಮೈ ಡಿಯರ್, ಅನ್ನುತ್ತಿದ್ದರು. ಅವರ ಬಿಳಿ ತೋಳು, ಸೋಪಿನ ವಾಸನೆ, ಬೋರ್ಡಿನ ಮೇಲೆ ಬಳ್ಳಿಯಂತೆ ಹರಿಯುವ ಅಕ್ಷರ ಎಲ್ಲ ಇನ್ನೂ ಕಣ್ಣ ಮುಂದಿವೆ. ‘ಮೋಸ್ಟ್ ಹಂಬ್ಲಿ ಅಂಡ್ ರೆಸ್ಪೆಕ್ಟ್‌ಫುಲಿ’ ಎಂದು ಶುರುವಾದ ನನ್ನ ಅರ್ಜಿ ಮೂರನೇ ಪುಟದಲ್ಲಿ ಬಿ.ಕಾಂ.ಗೆ ಬಂತು.

ಆಮೇಲೆ ಹಸಿರು ರೆಕ್ಸಿನ್ನಿನ ಅಡ್ರೆಸ್ ಡೈರಿ ತೆಗೆದೆ. ಅದರಲ್ಲಿನ ಅರ್ಧ ಫೋನ್ ನಂಬರಿಗೆ ಐದೇ ಅಂಕಿಗಳಿದ್ದವು. ಪರವಾಗಿಲ್ಲ, ಮನೆಗಳೇನೂ ಎದ್ದು ಹೋಗಿರಲಾರವು. ಇನ್ನು ಯಾರ ಮನೆಗೂ ಬರಿಗೈಯಲ್ಲಿ ಹೋಗಬಾರದು. ಕಮಲಾಪುರದವರಿಗೆ ಆ ಚಿಂತೆ ಇಲ್ಲ. ಅಲ್ಲಿನ ಕೆಂಪು ಬಾಳೆಹಣ್ಣು ಎಂದರೆ ಕಲಬುರಗಿಯ ಎಂಥ ಸಾಹೇಬನೂ ಎದ್ದು ಕೂರುತ್ತಾನೆ. ಭಾಗ್ಯಾಳ ಅಪ್ಪನ ತೋಟದ್ದು, ಒಂದೊಂದು ಹಣ್ಣೂ ಮುಷ್ಟಿ ಗಾತ್ರ. ಬಸ್ಸಿನಲ್ಲಿ ಒಂದು ಬಿದಿರಬುಟ್ಟಿ ತುಂಬ ತರಿಸಿದೆ.

ಮೊದಲ ಭೇಟಿ ಶಹಾಬಜಾರಿನ ಪ್ರಭು. ನನ್ನ ಮೊದಲ ಬ್ಯಾಚಿನ ವಿದ್ಯಾರ್ಥಿ, ಈಗ ದೊಡ್ಡ ಬಟ್ಟೆ ವ್ಯಾಪಾರಿ. ಓಣಿ ಎಷ್ಟು ಇಕ್ಕಟ್ಟೆಂದರೆ ಬುಟ್ಟಿ ಮುಂದೆ, ನಾವು ಹಿಂದೆ. ಅವನ ಬಾಗಿಲ ಮುಂದೆ ಐವತ್ತು ಜೊತೆ ಚಪ್ಪಲಿ ಇದ್ದವು.

“ನೋಡಿದೇನು? ಎಷ್ಟು ಗಿರಾಕಿ,” ಅಂದೆ ಭಾಗ್ಯಾಳಿಗೆ. “ಇಲ್ಲಿ ಅಕೌಂಟ್ಸ್ ನೋಡಾಕ ಮಂದಿ ಬೇಕೇ ಬೇಕು.”

ಒಳಗೆ ಜಮಖಾನದ ಮೇಲೆ ಹೆಂಗಸರು ಗೋಡೆಗೊರಗಿ ಸಾಲಾಗಿ ಕೂತಿದ್ದರು. ಯಾರೋ ಬಂದು ಮಾತಿಲ್ಲದೆ ಬುಟ್ಟಿ ತೆಗೆದುಕೊಂಡು ಒಳಗೆ ಹೋದರು. ಎದುರು ಗೋಡೆಯ ಮೇಲೆ ಪ್ರಭು, ಕೋಟು ಹಾಕಿಕೊಂಡು, ಹೂವಿನ ಹಾರದ ನಡುವೆ ನಗುತ್ತಿದ್ದ. ಅವನು ಹೋಗಿ ಒಂಬತ್ತು ದಿನವಾಗಿತ್ತು.

ಎದ್ದು ಬರುವಂತಿಲ್ಲ. ಕೂತೆವು. ನನ್ನ ಕೈಯಲ್ಲಿ ಉದ್ದ ಲಕೋಟೆ. ಸೊಸೆ ಬಂದು ಎರಡೂ ಕೈಯಿಂದ ಅದನ್ನು ಇಸಿದುಕೊಂಡು, ಕಣ್ಣಿಗೊತ್ತಿಕೊಂಡು, ಫೋಟೊದ ಕೆಳಗೆ ಊದಿನಕಡ್ಡಿಯ ಪಕ್ಕ ಇಟ್ಟಳು. ನಾಚಿಕೆಯಿಂದ ಭಾಗ್ಯಾಳ ಕಣ್ಣು ತುಂಬಿದವು. ಪಕ್ಕದ ಮುದುಕಿ ಅವಳನ್ನು ಎಳೆದು ಎದೆಗೆ ಅಪ್ಪಿಕೊಂಡಳು.

“ಅಳಬ್ಯಾಡವ್ವ. ನಮ್ಮ ಪ್ರಭು ನಿನಗ ಏನಾಗಬೇಕಿತ್ತು?”

“ಇನ್ನೂ ಏನೂ ಆಗಿದ್ದಿಲ್ರಿ,” ಅಂದಳು ಭಾಗ್ಯಾ, ಬಿಕ್ಕುತ್ತ.

ಊಟ ಮಾಡಿಸಿಯೇ ಕಳಿಸಿದರು. ಖಾಲಿ ಬುಟ್ಟಿ ಕೊಡಬಾರದೆಂದು ಅದರಲ್ಲಿ ಒಂದು ಹಿಡಿ ಅಕ್ಕಿ ಹಾಕಿ ಕೊಟ್ಟರು. ಅರ್ಜಿ ಅಲ್ಲೇ ಉಳಿಯಿತು. ಮನೆಗೆ ಬಂದು ಹೇಳಿದಾಗ ಯಜಮಾನರು ಪೇಪರ್ ಮಡಿಚಿ, “ಛಲೋ ಆತು. ನಿನ್ನ ವಶೀಲಿ ಸೀದಾ ಮ್ಯಾಲಿನತನಕ ಮುಟ್ಟಿತು,” ಅಂದರು.

ಇದಾದ ಮೇಲೆ ಭಾಗ್ಯಾ ನನ್ನ ಜೊತೆ ಎಲ್ಲಿಗೂ ಬರಲೊಪ್ಪಲಿಲ್ಲ. ತಲೆನೋವು ಅನ್ನುವಳು, ಬಟ್ಟೆ ಒಗೆಯುವುದಿದೆ ಅನ್ನುವಳು. ಮತ್ತೆ ಅದೇ ಕುರ್ಚಿ, ಅದೇ ಫೋನು. ಎರಡು ತಿಂಗಳು ಕಳೆದವು. ಒಂದು ದಿನ ಅವಳು ಕನ್ನಡಿಯ ಮುಂದೆ ನಿಂತು ಇಂಗ್ಲಿಷಿನಲ್ಲಿ ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತಿದ್ದಳು. ಸಿಕ್ಕಿಬಿದ್ದಳು.

ರಿಂಗ್ ರೋಡಿನಲ್ಲಿ ಒಂದು ಟ್ರ್ಯಾಕ್ಟರ್ ಷೋರೂಮಂತೆ. ಅಕೌಂಟ್ಸ್ ಸೆಕ್ಷನ್ನಿಗೆ ಒಬ್ಬರು ಬೇಕಂತೆ. ಫೋನಿನಲ್ಲೇ ಅರ್ಜಿ ಹಾಕಿ, ಹೋಗಿ ಟೆಸ್ಟ್ ಬರೆದು ಬಂದಿದ್ದಳು. ಕೊನೆಗೆ ಉಳಿದವರು ಮೂವರು. ಶುಕ್ರವಾರ ಇಂಟರ್‌ವ್ಯೂ. ಅಪ್ಪನ ಗಡುವು ಮುಗಿಯಲು ಇನ್ನು ಹದಿನೈದು ದಿನ.

“ಅಲ್ಲಿ ಮ್ಯಾನೇಜರ್ ಯಾರು?”

“ಸಿದ್ಧಾರಾಮ ಅಂತ. ದೊಡ್ಡಾಯಿ, ನೀವು ಏನೂ ಮಾಡಬ್ಯಾಡ್ರಿ. ಕೈ ಮುಗೀತೀನಿ.”

ನಿಜವಾಗಿಯೂ ಕೈ ಮುಗಿದಳು. ನಾನು ಅದನ್ನು ಸಂಕೋಚ ಎಂದುಕೊಂಡೆ. ಒಳ್ಳೆಯ ಮನೆತನದ ಹುಡುಗಿ, ಬಾಯಿಬಿಟ್ಟು ಸಹಾಯ ಕೇಳುವುದಿಲ್ಲ, ಎಷ್ಟು ಡೆಲಿಕೇಟ್! ಅದೂ ಅಲ್ಲದೆ ಸಿದ್ಧಾರಾಮ ನನ್ನ ಕ್ಲಾಸಿನ ಕೊನೆಯ ಬೆಂಚಿನವನು.

ಗುರುವಾರ ಬೆಳಿಗ್ಗೆ, ಅವಳು ತಲೆಗೆ ಎರೆದುಕೊಳ್ಳಲು ಹೋದಾಗ, ಕಮಲಾಪುರದಿಂದ ಮತ್ತೆ ತರಿಸಿದ್ದ ಹಣ್ಣು ತುಂಬಿದ ಬುಟ್ಟಿ ಎತ್ತಿಕೊಂಡು ಆಟೊ ಹತ್ತಿದೆ.

ಷೋರೂಮಿನ ಬಾಗಿಲಲ್ಲೇ ಒಂದು ಬೋರ್ಡು ಇತ್ತು. ‘ಶಿಫಾರಸು ತರುವ ಅಭ್ಯರ್ಥಿಗಳ ಅರ್ಜಿಯನ್ನು ತಿರಸ್ಕರಿಸಲಾಗುವುದು.’ ಕನ್ನಡದಲ್ಲೂ ಇತ್ತು, ಇಂಗ್ಲಿಷಿನಲ್ಲೂ ಇತ್ತು. ನಾನು ಎರಡನ್ನೂ ಓದಿದೆ. ಓದಿ ಸಂತೋಷಪಟ್ಟೆ. ಇಂಥ ಡಿಸಿಪ್ಲಿನ್ ಇರುವ ಜಾಗದಲ್ಲೇ ನಮ್ಮ ಹುಡುಗಿ ಇರಬೇಕು ಅನಿಸಿತು. ಆ ಬೋರ್ಡು ನನಗೂ ಅನ್ವಯಿಸುತ್ತದೆ ಎಂಬುದು ಮಾತ್ರ ಹೊಳೆಯಲಿಲ್ಲ. ಶಿಫಾರಸು ಎಂದರೆ ಪುಢಾರಿಗಳ ಕಾಗದ. ನಾನು ತಂದದ್ದು ಬಾಳೆಹಣ್ಣು.

ಗಾಜಿನ ಕೋಣೆಯೊಳಗಿಂದ ಸಿದ್ಧಾರಾಮ ಎದ್ದು ಬಂದು ಎಲ್ಲರೆದುರು ನನ್ನ ಕಾಲು ಮುಟ್ಟಿದ. ತಲೆ ಅರ್ಧ ಬೆಳ್ಳಗಾಗಿತ್ತು. ಕೋಣೆಯ ಸೋಫಾದಲ್ಲಿ ಒಬ್ಬ ಗೃಹಸ್ಥರು ಕೂತಿದ್ದರು. ಟ್ರ್ಯಾಕ್ಟರ್ ಕೊಳ್ಳಲು ಬಂದವರಿರಬೇಕೆಂದು ಅವರಿಗೂ ಒಂದು ಹಣ್ಣು ಕೊಟ್ಟೆ. ಪರ್ಸನಲ್ ಟಚ್.

“ಈ ಮ್ಯಾನೇಜರ್ ಸಾಹೇಬ್ರ ಕತಿ ಕೇಳ್ರಿ,” ಎಂದು ಅವರಿಗೆ ಹೇಳಿದೆ. “ಒಂಬತ್ತನೇ ಕ್ಲಾಸಿನ್ಯಾಗ ‘ಮೈ ಮದರ್’ ಅಂತ ಎಸ್ಸೇ ಬರಿ ಅಂದ್ರ, ಬಾಜೂಕಿನವನದು ಪೂರಾ ಕಾಪಿ ಹೊಡದಿದ್ದ. ತನ್ನ ತಾಯಿ ಹೆಸರಿನ ಜಾಗಾದಾಗ ಅವನ ತಾಯಿ ಹೆಸರೇ ಬರದಿದ್ದ. ಐ ಹ್ಯಾಡ್ ಟು ಮೇಕ್ ಹಿಮ್ ಸ್ಟ್ಯಾಂಡ್ ಆನ್ ದ ಬೆಂಚ್.”

ಗಾಜಿನಾಚೆ ಕ್ಲರ್ಕ್ ಹುಡುಗಿಯರು ನಗು ತಡೆದುಕೊಂಡರು. ಸೋಫಾದವರು ಜೋರಾಗಿಯೇ ನಕ್ಕರು.

“ಭಾಳ ಛಲೋ ಟೀಚರ್. ಇವತ್ತ ಏನ್ ಕೆಲಸಕ್ಕ ಬಂದಿರಿ?”

“ನಮ್ಮ ಭಾಗ್ಯಶ್ರೀ ನಾಳಿ ಇಂಟರ್‌ವ್ಯೂಕ್ಕ ಬರ್ತಾಳ್ರಿ. ಒಂದು ಮಾತು ಹೇಳಿ ಹೋಗೂಣು ಅಂತ ಬಂದೆ. ಸಿದ್ಧಾರಾಮ ನನ್ನ ಮಾತು ತೆಗದು ಹಾಕೂದಿಲ್ಲ.”

“ತೆಗದು ಹಾಕೂದಿಲ್ಲೇನ್ರಿ ಸಿದ್ಧಾರಾಮ?” ಎಂದು ಅವರು ಕೇಳಿದರು. ಈಗ ನಗುತ್ತಿರಲಿಲ್ಲ.

“ಇಲ್ರಿ, ಓನರ್ ಸಾಹೇಬ್ರ,” ಅಂದ ಸಿದ್ಧಾರಾಮ. ಯಾವುದಕ್ಕೆ ಇಲ್ಲ ಅಂದನೋ ಅವನಿಗೇ ಗೊತ್ತಾಗಲಿಲ್ಲ. ಮುಖ ನನ್ನ ಬಾಳೆಹಣ್ಣಿನ ಬಣ್ಣಕ್ಕೆ ಬಂದಿತ್ತು. ಓನರ್ ಹಣ್ಣನ್ನು ಸುಲಿಯದೆ ಮೇಜಿನ ಮೇಲಿಟ್ಟರು.

ಇಷ್ಟಾದರೂ ನಾನು ಖುಷಿಯಿಂದಲೇ ಎದ್ದೆ ಎಂದರೆ ನಂಬುತ್ತೀರಾ? ಮ್ಯಾನೇಜರನ ಬಳಿಗೆ ಬಂದವಳಿಗೆ ಓನರೇ ಸಿಕ್ಕರಲ್ಲ! ಬಾಗಿಲ ಹತ್ತಿರ ಹೋಗಿ ತಿರುಗಿ, “ಬುಟ್ಟಿ ಇಲ್ಲೇ ಇರಲಿ ಸಿದ್ಧಾರಾಮ. ನಾಳಿ ಹುಡುಗಿ ಕೈಯಾಗ ಕಳಸು,” ಎಂದೂ ಹೇಳಿ ಬಂದೆ.

ಶುಕ್ರವಾರ ಭಾಗ್ಯಾ ಹೊಸ ಚೂಡಿದಾರ ಹಾಕಿಕೊಂಡು ಹೋದಳು. ಹನ್ನೊಂದಕ್ಕೆಲ್ಲ ತಿರುಗಿ ಬಂದಳು. ಕೈಯಲ್ಲಿ ಬುಟ್ಟಿ. ಒಳಗೆ ಕಾಗದದಲ್ಲಿ ಕಟ್ಟಿದ ಒಂದು ಹಿಡಿ ಸಕ್ಕರೆ, ಅದರ ಕೆಳಗೆ ಅವಳ ಫೈಲು.

“ಒಳಗ ಕರೀಲೇ ಇಲ್ರಿ,” ಅಂದಳು. “ಸಿದ್ಧಾರಾಮ ಸರ್ ತಾವೇ ಹೊರಗ ಬಂದ್ರು. ‘ಟೆಸ್ಟಿನ್ಯಾಗ ನೀನೇ ಫಸ್ಟ್ ಇದ್ದಿ ತಂಗಿ. ಇನ್ನ ನಿನಗ ಕೊಟ್ರ ನನ್ನ ನೌಕರಿ ಇರೂದಿಲ್ಲ’ ಅಂದ್ರು. ಟೀಚರ್ ಬುಟ್ಟಿ ಖಾಲಿ ಕಳಸಬಾರದು ಅಂತ ಸಕ್ಕರಿ ಹಾಕಿ ಕೊಟ್ರು.”

ಕೂಗಾಡಲಿಲ್ಲ. ಸಕ್ಕರೆಯನ್ನು ಡಬ್ಬಿಗೆ ಸುರಿದಳು, ಫೈಲನ್ನು ಟ್ರಂಕಿನಲ್ಲಿಟ್ಟಳು, ಬುಟ್ಟಿ ತೊಳೆದು ಅಂಗಳದಲ್ಲಿ ಬೋರಲು ಹಾಕಿದಳು. ಸಾರಿ ಎಂಬ ಪದವನ್ನು ನೂರು ನೂರು ಸಲ ಮಕ್ಕಳಿಂದ ಬರೆಸಿದವಳು ನಾನು. ಒಂದು ಸಲ ಅನ್ನಲು ಬಾಯಿ ಬರಲಿಲ್ಲ. ಯಜಮಾನರ ಕಡೆ ನೋಡಿದೆ, ಏನಾದರೂ ಚುಚ್ಚಲಿ ಎಂದು. ಆ ದಿನ ಅವರ ಮೂರು ವಾಕ್ಯಗಳೂ ಬರಲಿಲ್ಲ.

ಹದಿನೈದು ದಿನಕ್ಕೆ ಅವಳ ಅಪ್ಪ ಬಂದು ಟ್ರಂಕು ಹೊತ್ತುಕೊಂಡು ಹೋದ.

ಎರಡು ತಿಂಗಳು ತಡೆದೆ. ಆಮೇಲೆ ಪೆನ್ಷನ್ ಕಾಗದಗಳ ನೆಪ ಮಾಡಿಕೊಂಡು ಕಮಲಾಪುರದ ಬಸ್ಸು ಹತ್ತಿದೆ. ಬ್ರಹ್ಮಪುರದಲ್ಲಿ ಓಣಿಗೊಂದು ಜೆರಾಕ್ಸ್ ಅಂಗಡಿ ಇದೆ ಎಂಬುದು ಅವಳಿಗೂ ಗೊತ್ತು. ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಮಷೀನಿನ ಹಸಿರು ಬೆಳಕು ಅವಳ ಮುಖದ ಕೆಳಗಿನಿಂದ ಹಾದು ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ನನ್ನ ಕಾಗದಗಳನ್ನು ಇಸಿದುಕೊಂಡು, ಸ್ಟೂಲು ಸರಿಸಿಕೊಟ್ಟು, ಡ್ರಾದಿಂದ ಒಂದು ಫಾರ್ಮು ತೆಗೆದು ನನ್ನ ಮುಂದಿಟ್ಟಳು.

“ಕಲಬುರಗಿದಾಗ ಬೀಜದ ಕಂಪನಿಯೊಂದು ಅದರಿ. ಇಂಗ್ಲಿಷ್ ಸರಿ ಅದ ಏನು ನೋಡ್ರಿ ದೊಡ್ಡಾಯಿ. ನೋಡೂದಷ್ಟೇ.”

ಪರ್ಸಿನಿಂದ ಕೆಂಪು ಪೆನ್ನು ತೆಗೆದೆ. ಒಂದು ತಪ್ಪೂ ಇರಲಿಲ್ಲ. ಕೊನೆಯ ಕಾಲಂಗೆ ಬಂದೆ. ಕಲಬುರಗಿ ನಗರದಲ್ಲಿ ನಿಮಗೆ ಬಂಧುಗಳು ಅಥವಾ ಪರಿಚಯದವರು ಯಾರಾದರೂ ಇದ್ದಾರೆಯೇ? ಅದರ ಮುಂದೆ ಅವಳ ದುಂಡನೆಯ ಅಕ್ಷರದಲ್ಲಿ ‘ನಿಲ್’ ಎಂದಿತ್ತು.

ಎರಡು ಸಲ ಓದಿದೆ. ಅವಳು ತಿರುಗಿ ನೋಡದೆ ಹಾಳೆ ಜೋಡಿಸುತ್ತಿದ್ದಳು.

“ಸರಿ ಅದ ಏನ್ರಿ?”

“ಪರ್ಫೆಕ್ಟ್,” ಅಂದೆ. ಪೆನ್ನಿನ ಮುಚ್ಚಳ ಹಾಕಿದೆ.

ನೌಕರಿ ಸಿಕ್ಕಿತು. ಈಗ ಮತ್ತೆ ನಮ್ಮ ಮನೆಯಲ್ಲೇ ಇದ್ದಾಳೆ. ಆಫೀಸು ನಮ್ಮಿಂದ ಮೂರೇ ಓಣಿ ಆಚೆ. ಮೊನ್ನೆ ತರಕಾರಿ ಗಾಡಿಯ ಹತ್ತಿರ ನಿಂತಿದ್ದೆ. ಅವಳು ಆಫೀಸಿನ ಇಬ್ಬರು ಗೆಳತಿಯರ ಜೊತೆ, ಕುತ್ತಿಗೆಗೆ ಕಂಪನಿಯ ಕಾರ್ಡು ಹಾಕಿಕೊಂಡು, ಎದುರಿಗೆ ಬಂದಳು. ಅವರಲ್ಲೊಬ್ಬಳು ನನ್ನ ಕಡೆ ನೋಡಿ, “ಆ ಅಜ್ಜಿ ನಿನ್ನೇ ನೋಡಾಕತ್ತಾರಲ್ಲ, ಯಾರವರು?” ಅಂದಳು. ಕಲಬುರಗಿಯಲ್ಲಿ ನನಗೆ ಗೊತ್ತಿಲ್ಲದವರು ಯಾರೂ ಇಲ್ಲ. ಆದರೂ ನಾನು ಮುಖ ತಿರುಗಿಸಿ ಬದನೆಕಾಯಿ ಆರಿಸುವುದರಲ್ಲಿ ಮಗ್ನಳಾದೆ. ಮೂವರೂ ದಾಟಿ ಹೋದರು.

ಸಂಜೆ ಮನೆಗೆ ಬಂದು, ಚಪ್ಪಲಿ ಬಿಡುತ್ತ, ಭಾಗ್ಯಾ ಅಂದಳು:

“ದೊಡ್ಡಾಯಿ, ಇವತ್ತ ಬರೋಬ್ಬರಿ ಮಾಡಿದ್ರಿ.”

ಅವಳ ನೌಕರಿಗಾಗಿ ನಾನು ಮಾಡಿದ ಕೆಲಸಗಳಲ್ಲಿ ಮೆಚ್ಚುಗೆ ಪಡೆದದ್ದು ಇದೊಂದೇ. ಬದನೆಕಾಯಿ ಮಾತ್ರ ಎಲ್ಲ ಹುಳುಕಾಗಿದ್ದವು.