ಗಾಳಿ ಆಡಬೇಕು, ಬೆಳಕು ಸೋರಬಾರದು

ಹೆದರುಪುಕ್ಕಲನನ್ನು ಹೆದರಿಕೆಯ ಕೆಲಸಗಳೇ ಹುಡುಕಿಕೊಂಡು ಬರುತ್ತವೆ. ನನ್ನ ಇಪ್ಪತ್ತು ವರ್ಷದ ಕಸುಬಿನಲ್ಲಿ ಇದು ತಪ್ಪಿದ್ದೇ ಇಲ್ಲ. ಮಧುಗಿರಿಯಲ್ಲಿ ನನ್ನದೊಂದು ಸಣ್ಣ ಪ್ಲೈವುಡ್ ಕೆಲಸದ ಅಂಗಡಿ ಇದೆ. ಮೀನಿನ ತೊಟ್ಟಿಗೆ ಸ್ಟ್ಯಾಂಡು, ತೊಟ್ಟಿಯ ಮೇಲೆ ಕೂರುವ ಮುಚ್ಚಳದ ಪೆಟ್ಟಿಗೆ, ಆ ಪೆಟ್ಟಿಗೆಯೊಳಗೊಂದು ಲೈಟು, ಇಷ್ಟನ್ನು ಮಾಡಿ ಕೂರಿಸಿ ಕೊಡುತ್ತೇನೆ. ಕೆಳಗೆ ನೀರು, ಮೇಲೆ ಕರೆಂಟು, ನಡುವೆ ನನ್ನ ಕೈ. ಇವತ್ತಿಗೂ ಸ್ವಿಚ್ ಹಾಕುವಾಗ ಕಣ್ಣು ಮುಚ್ಚಿಕೊಂಡು ಮನೆದೇವರನ್ನು ನೆನೆಯುತ್ತೇನೆ. ನನ್ನ ಹೆಂಡತಿ ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ, "ನಮ್ಮನೇಲಿ ಜಿರಳೆ ಹೊಡೆಯೋಳು ನಾನು, ಮಂಚ ಹತ್ತೋರು ಅವ್ರು" ಅಂತ.

ಇಂಥ ನನಗೆ ಹೋದ ವರ್ಷ ಶಿರಾದಿಂದ ಫೋನು ಬಂತು. ಮಾಡಿದ್ದು ಹಲ್ಲಿನ ಡಾಕ್ಟರು. ಹಲ್ಲಿನ ಡಾಕ್ಟರು ಅಂದರೆ ಸಾಕು, ನನಗೆ ಫೋನಿನಲ್ಲೇ ಬೆವರು.

೧. ಇಡ್ಲಿ ಪಾತ್ರೆ

ಡಾಕ್ಟರಮ್ಮನಿಗೆ ಚಿಕ್ಕ ವಯಸ್ಸು. ಓದು ಮುಗಿಸಿ ತಮ್ಮೂರಲ್ಲೇ ಕ್ಲಿನಿಕ್ ತೆಗೆದಿದ್ದರು. ಆದರೆ ಜನ ಬಾಗಿಲವರೆಗೆ ಬರೋದು, ಒಳಗಿನ ಕುರ್ಚಿ ನೋಡೋದು, "ನಾಳೆ ಬರ್ತೀವಿ" ಅಂತ ತಿರುಗಿ ಹೋಗೋದು. ಆ ನಾಳೆ ಬರುತ್ತಲೇ ಇರಲಿಲ್ಲ.

"ಅಣ್ಣ, ದೀಪಾವಳಿವರೆಗೆ ನೋಡ್ತೀನಿ. ಅಷ್ಟರಲ್ಲಿ ಜನ ಒಗ್ಗಿಕೊಂಡ್ರೆ ಸರಿ. ಇಲ್ಲಾಂದ್ರೆ ಬಾಗಿಲು ಹಾಕಿ ಬೇರೆ ಊರಿಗೆ ಕೆಲಸಕ್ಕೆ ಹೋಗ್ತೀನಿ" ಅಂದರು. ಆಮೇಲೆ ತಮ್ಮ ಉಪಾಯ ಹೇಳಿದರು. ಜನ ಕಾಯುವ ಹಾಲಿಗೆ ದಪ್ಪ ಪರದೆ ಹಾಕಿ ಕತ್ತಲು ಮಾಡುವುದು. ಗೋಡೆಗೊಂದು ದೊಡ್ಡ ಮೀನಿನ ತೊಟ್ಟಿ ಇಡುವುದು. ಆ ಕತ್ತಲಲ್ಲಿ ಮೀನು ಬಿಟ್ಟು ಬೇರೆ ಏನೂ ಕಾಣಬಾರದು. ಜನ ಅದನ್ನೇ ನೋಡುತ್ತಾ ಹೆದರಿಕೆ ಮರೆಯಬೇಕು. "ಅದಕ್ಕೇ ಮೇಲಿನ ಪೆಟ್ಟಿಗೆಯಿಂದ ಒಂದು ಎಳೆ ಬೆಳಕೂ ಆಚೆ ಸೋರಬಾರದು ಅಣ್ಣ."

ನಾನು ಹೆದರುವವನು, ಹೆದರುವವನ ಕೆಲಸ ಯಾವಾಗಲೂ ಬಿಗಿ. ಪೆಟ್ಟಿಗೆಯ ಸುತ್ತ ರಬ್ಬರ್ ಬೀಡಿಂಗ್ ಹಾಕಿದೆ, ಸಂದು ಸಂದಿಗೂ ಅಂಟು ತುಂಬಿದೆ. ಬೆಳಕಿರಲಿ, ಇರುವೆಯ ಉಸಿರೂ ಆಚೆ ಬರದ ಹಾಗೆ ಮಾಡಿ ಕೊಟ್ಟು ಬಂದೆ.

ಮೂರನೇ ದಿನ ಮಧ್ಯಾಹ್ನ ಫೋನು ಬಂತು, "ಬೇಗ ಬನ್ನಿ ಅಣ್ಣ" ಅಂತ. ಬಸ್ಸು ಹತ್ತಿ ಹೋದೆ. ಪೆಟ್ಟಿಗೆ ಮುಟ್ಟಿದರೆ ಕೈ ಸುಡುತ್ತಿದೆ. ಲೈಟಿನ ಕಾವು ಒಳಗೇ ನಿಂತು, ನೀರು ಹಬೆಯಾಡಿ, ಪ್ಲೈವುಡ್ ಊದಿಕೊಂಡು ಮುಚ್ಚಳ ಬಿಗಿದುಕೊಂಡುಬಿಟ್ಟಿದೆ. ವೈರು ಕಿತ್ತಿಟ್ಟು, ಕಿತ್ತಿದ್ದು ಹೌದೋ ಅಲ್ಲವೋ ಅಂತ ಮೂರು ಸಲ ನೋಡಿ, ಉಳಿಯಿಂದ ಮೀಟಿ ತೆಗೆದೆ. ಇಡ್ಲಿ ಪಾತ್ರೆ ತೆಗೆದಂತೆ ಹಬೆ ಮುಖಕ್ಕೆ ಹೊಡೆಯಿತು. ಮೀನುಗಳೆಲ್ಲ ನೀರಿನ ಮೇಲಕ್ಕೆ ಬಂದು ಸಾಲಾಗಿ ಬಾಯಿ ತೆಗೆದು ನಿಂತಿದ್ದವು. ಒಂದಾದರೂ ಸತ್ತಿದ್ದರೆ ಆ ಪಾಪ ನನಗೇ ತಾನೆ?

ಪುಣ್ಯಕ್ಕೆ ಒಂದೂ ಸಾಯಲಿಲ್ಲ. ಡಾಕ್ಟರಮ್ಮ ತಣ್ಣೀರು ಹಾಕಿಸುತ್ತಾ ನಿಟ್ಟುಸಿರು ಬಿಟ್ಟು ಅಂದರು: "ನೋಡಣ್ಣ, ನನ್ನ ಕ್ಲಿನಿಕ್ಕಲ್ಲಿ ಹೇಳದೇನೇ ಬಾಯಿ ತೆಗೆದೋರು ಇವೇ ಮೊದಲು."

೨. ಅಗಿಯುವ ಸೂರು

ಗಾಳಿ ಬೇಕು ಅಂತ ಗೊತ್ತಾಯಿತಲ್ಲ, ಪೆಟ್ಟಿಗೆಯ ನೆತ್ತಿಗೆ ಸಾಲಾಗಿ ತೂತು ಕೊರೆದೆ. ಕಾವು ಇಳಿಯಿತು, ಮೀನು ಕೆಳಗೆ ಹೋದವು. ಬೆಳಕು ಮೇಲಕ್ಕೆ ತಾನೆ ಹೋಗುತ್ತೆ, ಮೇಲೆ ಯಾರು ನೋಡುತ್ತಾರೆ ಅಂದುಕೊಂಡೆ.

ತೊಟ್ಟಿಯ ಮೇಲ್ಗಡೆ ಒಂದು ಗಾಜಿನ ಹಲಗೆ ಇತ್ತು. ಅದರ ಮೇಲೆ ಡಾಕ್ಟರಮ್ಮ ಪ್ಲಾಸ್ಟರಿನ ದವಡೆಯೊಂದನ್ನು ಇಟ್ಟಿದ್ದರು, ಮೇಲೆ ಹದಿನಾರು ಹಲ್ಲು, ಕೆಳಗೆ ಹದಿನಾರು, ಬಾಯಿ ತೆರೆದದ್ದು. ಹಲ್ಲು ಹೇಗೆ ಉಜ್ಜಬೇಕು ಅಂತ ಮಕ್ಕಳಿಗೆ ತೋರಿಸುವುದಕ್ಕೆ. ಅದನ್ನು ನಾನು ನೋಡಿದ್ದೆ, ಆದರೆ ಲೆಕ್ಕಕ್ಕೆ ತಗೊಂಡಿರಲಿಲ್ಲ.

ಅವತ್ತು ಹುಲಿಕುಂಟೆ ಕಡೆಯ ಯಜಮಾನರೊಬ್ಬರು ಬಂದು ಕೂತಿದ್ದರು. ಕುರಿ ಸಾಕುವವರು, ಗುಡ್ಡದಲ್ಲಿ ಒಬ್ಬರೇ ಮಲಗುವ ಗಟ್ಟಿ ಆಳು. ತೂತುಗಳು ಹೇಗಿವೆ ಅಂತ ನೋಡಲು ನಾನೂ ಪಕ್ಕದಲ್ಲಿ ಕೂತಿದ್ದೆ. ಚೀಟಿ ಬರೆಯುವ ಹೆಣ್ಣುಮಗಳು ಪರದೆ ಎಳೆದು ತೊಟ್ಟಿಯ ಲೈಟು ಹಾಕಿದಳು.

ಯಜಮಾನರು ಸ್ವಲ್ಪ ಹೊತ್ತು ಮೀನು ನೋಡಿದರು. ಆಮೇಲೆ ಆಕಳಿಸಲು ತಲೆ ಎತ್ತಿದರು. ಎತ್ತಿದ ತಲೆ ಎತ್ತಿದಂತೆಯೇ ನಿಂತಿತು. "ಅಪ್ಪೋ, ಮ್ಯಾಕೆ ನೋಡು" ಅಂದರು ಮೆಲ್ಲಗೆ.

ನಾನು ನೋಡಿದೆ. ಸೂರಿನ ತುಂಬ ಒಂದು ಬಾಯಿ. ಒಂದೊಂದು ಹಲ್ಲೂ ಮೊರದಷ್ಟು ಅಗಲ. ತೂತುಗಳಿಂದ ಹೋದ ಬೆಳಕು ದವಡೆಯ ನೆರಳನ್ನು ಸೂರಿಗೆ ಎಸೆದಿತ್ತು. ಕೆಳಗೆ ನೀರು ಅಲುಗಿದ ಹಾಗೆಲ್ಲ ಬೆಳಕೂ ಅಲುಗಿ, ಆ ಬಾಯಿ ನಿಧಾನಕ್ಕೆ ಅಗಿಯುತ್ತಿತ್ತು.

ನೆರಳು ಅಂತ ನನಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಮಾಡಿದವನು ನಾನೇ ಆದರೂ ಹೊಳೆಯಲಿಲ್ಲ. ಯಜಮಾನರು ಬೀದಿಗೆ ಬಿದ್ದು ಓಡಿದರು. ನಾಲ್ಕು ಅಂಗಡಿ ದಾಟಿ ಒಂದು ಕಟ್ಟೆ ಮೇಲೆ ಕೂತು ಏದುಸಿರು ಬಿಡುವಾಗ ನೋಡಿದರೆ, ಅವರಿಗಿಂತ ಮೊದಲೇ ಬಂದು ಆ ಕಟ್ಟೆ ಮೇಲೆ ಕೂತಿದ್ದವನು ನಾನು.

೩. ಒಳಗೆ ಯಾರೂ ಇಲ್ಲ

ದವಡೆಯನ್ನು ಬೀರುವಿಗೆ ಸೇರಿಸಿದರು. ಆದರೆ ದವಡೆ ಹೋದ ಮೇಲೂ ಬೆಳಕಿನ ಚುಕ್ಕೆಗಳು ಸೂರಿನಲ್ಲಿ ಕುಣಿಯುತ್ತಲೇ ಇದ್ದವು, ಕೂತವರ ಕಣ್ಣು ಮೀನಿನ ಮೇಲೆ ನಿಲ್ಲುತ್ತಿರಲಿಲ್ಲ. ನೆತ್ತಿಯ ತೂತು ಮುಚ್ಚಿದೆ. ಗೋಡೆಯ ಕಡೆಗೆ, ಯಾರ ಕಣ್ಣಿಗೂ ಬೀಳದ ಹಾಗೆ, ಎರಡೇ ಎರಡು ಸಣ್ಣ ತೂತು ಬಿಟ್ಟೆ. ಎರಡೇ ತೂತಿಗೆ ಗಾಳಿ ಸಾಲದು. ಅದಕ್ಕೆ ಹಳೇ ಕಂಪ್ಯೂಟರಿನೊಳಗಿನ ಪುಟ್ಟ ಫ್ಯಾನೊಂದನ್ನು ಒಳಗೆ ಕೂರಿಸಿದೆ. ಬೆಳಕು ಸೋರಲಿಲ್ಲ, ಗಾಳಿ ಆಡಿತು. ಈ ಸಲ ಗೆದ್ದೆ ಅಂದುಕೊಂಡೆ.

ನಾಲ್ಕು ದಿನ ಹಬೆ ಕುಡಿದ ಆ ಫ್ಯಾನು ಐದನೇ ದಿನ ದನಿ ತೆಗೆಯಿತು. ಝುಂಯ್ ಅಂತ ಸಣ್ಣಗೆ ಶುರುವಾಗಿ, ಕೀಂಯ್ ಅಂತ ಏರಿ, ಮತ್ತೆ ಝುಂಯ್. ಹಲ್ಲು ಕೊರೆಯುವ ಮಿಷನ್ನಿನ ಸದ್ದು ಕೇಳಿದವರಿಗೆ ನಾನು ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಅವತ್ತು ಕಾಯುತ್ತಿದ್ದವರು ಬುಕ್ಕಾಪಟ್ಟಣದ ಕಡೆಯ ಒಬ್ಬರು ಮೇಷ್ಟ್ರು. ಅವರು ಸ್ಕೂಲಿನ ಗೇಟಿಗೆ ಬಂದರೆ ಮಕ್ಕಳು ಉಸಿರು ಬಿಗಿ ಹಿಡಿಯುತ್ತಿದ್ದರಂತೆ. ಆ ಮೇಷ್ಟ್ರು ಕುರ್ಚಿಯ ಕೈ ಬಿಗಿಯಾಗಿ ಹಿಡಿದು, ಚೀಟಿ ಬರೆಯುವ ಹೆಣ್ಣುಮಗಳನ್ನು ಕೇಳಿದರು, "ಒಳಗೆ ಯಾರಿದಾರಮ್ಮ?"

ಅವಳು ಧೈರ್ಯ ಹೇಳೋಣ ಅಂತಲೇ ನಗುತ್ತಾ ಅಂದಳು, "ಕೋಯಿ ನೈ ಸಾರ್. ಅಂದರ್ ಯಾರೂ ಇಲ್ಲ. ಡಾಕ್ಟ್ರೂ ಊಟಕ್ಕೆ ಹೋಗವ್ರೆ."

ಮೇಷ್ಟ್ರು ಎದ್ದು ನಿಂತರು. "ಯಾರೂ ಇಲ್ದಾಗ್ಲೇ ಇಷ್ಟು ಕೊರೀತೈತಲ್ಲಮ್ಮ" ಅಂದವರು ಹಿಂದೆ ತಿರುಗಿ ನೋಡದೆ ಹೊರಟುಹೋದರು.

೪. ಬದುಕಿದ್ದಕ್ಕೆ ಸಾಕ್ಷಿ

ದಸರಾ ಕಳೆಯಿತು. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಬಿಡಿ ಅಣ್ಣ, ನಿಮ್ಮ ತಪ್ಪೇನಿದೆ, ನನ್ನ ಹಣೇಲಿ ಬರೆದಿಲ್ಲ" ಅಂದರು. ಮೊದಲೇ ಬಾರದ ಜನ, ಬಂದ ಒಬ್ಬಿಬ್ಬರನ್ನೂ ಓಡಿಸಿದ್ದು ನನ್ನ ಪೆಟ್ಟಿಗೆ. ಆ ಹುಡುಗಿ ಕ್ಲಿನಿಕ್ ಮುಚ್ಚಿದರೆ ಅದು ನನ್ನ ಕೈಯಿಂದಲೇ ಮುಚ್ಚಿದಂತೆ.

ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿಕೊಂಡೆ. ಅವಳು ಗೋಡೆಯ ಮೇಲಿದ್ದ ನಮ್ಮ ಮದುವೆ ಫೋಟೋ ನೋಡುತ್ತಾ ಅಂದಳು, "ಅಲ್ಲಾ, ಇದನ್ನ ತೆಗೆದ ಕೊರಟಗೆರೆ ತಾತ ಆವಾಗ ದಿನವೆಲ್ಲ ಕತ್ಲೆ ಕೋಣೇಲಿ ಕೂತು ಫೋಟೋ ತೊಳೀತಿದ್ರಲ್ಲ. ಒಂದ್ ಚೂರು ಬೆಳಕು ಬಿದ್ರೂ ಫೋಟೋ ಹಾಳು ಅಂತಿದ್ರು. ಮತ್ತೆ ಉಸ್ರು ಹೆಂಗಾಡ್ತಿದ್ರು?"

ಬೆಳಿಗ್ಗೆಯೇ ಕೊರಟಗೆರೆಗೆ ಹೋದೆ. ತಾತನಿಗೆ ಎಂಬತ್ತು ದಾಟಿದೆ, ಸ್ಟುಡಿಯೋ ಮುಚ್ಚಿ ಬಹಳ ವರ್ಷವಾಗಿದೆ, ಆದರೆ ಹಿತ್ತಲಲ್ಲಿ ಆ ಕತ್ತಲೆ ಕೋಣೆ ಹಾಗೇ ಇದೆ. ನನ್ನ ಕಥೆ ಕೇಳಿ ನಕ್ಕರು. "ಒಳಿಕ್ಕೆ ಹೋಗಿ ನೋಡಲಾ, ಗೊತ್ತಾಯ್ತದೆ" ಅಂದರು. ಒಳಗೆ ಕಾಲಿಟ್ಟೆ. ಹಿಂದಿನಿಂದ ಚಿಲಕ ಬಿತ್ತು.

ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಹೊರಗೆ ಬೆಳಗಿನ ಬಿಸಿಲು, ಒಳಗೆ ಅಮಾವಾಸ್ಯೆ. ಕಾಲಿನ ಮೇಲೆ ಏನೋ ಹರಿದಂತಾಯಿತು. ಚೇಳೇ ಇರಬೇಕು ಅಂತ ಒಂಟಿ ಕಾಲಲ್ಲಿ ನಿಂತೆ. "ತಾತ, ತೆಗೀರಿ" ಅಂದೆ. ಬಾಗಿಲು ಬಡಿದೆ. ಹೆಂಡತಿ ಮಕ್ಕಳು ಕಣ್ಮುಂದೆ ಬಂದರು. ಎಷ್ಟೋ ಹೊತ್ತಾದ ಮೇಲೆ ಕೆನ್ನೆಗೆ ತಣ್ಣಗೆ ಗಾಳಿ ತಗುಲುತ್ತಿರುವುದು ಗೊತ್ತಾಯಿತು. ಗಾಳಿ ಬರುತ್ತಿತ್ತು, ಬೆಳಕು ಮಾತ್ರ ಸಾಸಿವೆಯಷ್ಟೂ ಇಲ್ಲ.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ತಾತ ಗೋಡೆಯಲ್ಲಿದ್ದ ಮರದ ಡಬ್ಬಿಯೊಂದನ್ನು ಬಿಚ್ಚಿ ತೋರಿಸಿದರು. ಒಳಗೆ ಅಡ್ಡಡ್ಡ ಹಲಗೆಗಳು, ಒಂದು ಮೇಲಿಂದ, ಒಂದು ಕೆಳಗಿಂದ, ಎಲ್ಲಕ್ಕೂ ಮಿಂಚದ ಕಪ್ಪು ಬಣ್ಣ. "ಗಾಳಿ ಹೆಂಗಾದ್ರೂ ಸುತ್ತಿ ಬಳಸಿ ಬತ್ತದೆ ಕಣ್ಲಾ. ಬೆಳಕಿಗೆ ತಿರುಗೋದು ಬರಾಕಿಲ್ಲ, ನೆಟ್ಟಗೆ ಹೋಗಿ ಕರಿ ಹಲಗೆಗೆ ಬಡ್ಕೊಂಡು ಅಲ್ಲೇ ಸಾಯ್ತದೆ" ಅಂದರು.

"ಇದನ್ನ ಮೊದ್ಲೇ ಬಿಚ್ಚಿ ತೋರಿಸಬಹುದಿತ್ತಲ್ಲ ತಾತ. ಅರ್ಧ ಗಂಟೆ ಯಾಕೆ ಕೂಡಿ ಹಾಕಿದ್ರಿ?"

"ನೀನು ಈಚೆ ಬಂದ್ಯಲ್ಲ ಉಸ್ರಾಡ್ಕೊಂಡು" ಅಂದರು ತಾತ. "ಗಾಳಿ ಬತ್ತದೆ ಅನ್ನಾಕೆ ಇನ್ನೇನ್ ಸಾಕ್ಷಿ ಬೇಕು ನಿಂಗೆ?"

೫. ಮೊದಲನೇ ಚೀಟಿ

ಪೆಟ್ಟಿಗೆಯ ಬೆನ್ನಿಗೆ ಅಂಥ ಎರಡು ಡಬ್ಬಿ ಕಟ್ಟಿದೆ. ತಣ್ಣನೆ ಗಾಳಿ ಒಳಗೆ ಬರಲು ಕೆಳಗೊಂದು, ಕಾವು ಆಚೆ ಹೋಗಲು ಮೇಲೊಂದು. ಒಳಗೆಲ್ಲ ಕಪ್ಪು ಬಳಿದೆ. ಫ್ಯಾನು ಕಿತ್ತೆಸೆದೆ. ದೀಪಾವಳಿಗೆ ಇನ್ನೊಂದು ವಾರವಿತ್ತು.

ಬೆಳಿಗ್ಗೆ ಕ್ಲಿನಿಕ್ ತೆಗೆಯುವ ಹೊತ್ತಿಗೇ ಹೋಗಿ ಜೋಡಿಸಿ, ಎಲ್ಲಾದರೂ ಬೆಳಕು ಸೋರುತ್ತಾ ಅಂತ ನೋಡಲು ಹಾಲಿನಲ್ಲಿ ಕೂತೆ. ಸೋರಲಿಲ್ಲ. ಕತ್ತಲಲ್ಲಿ ನೀರು ಮಾತ್ರ ಹೊಳೆಯುತ್ತಿತ್ತು, ಅದರೊಳಗೆ ಕೆಂಪು ಮೀನುಗಳು ಸದ್ದಿಲ್ಲದೆ ಓಡಾಡುತ್ತಿದ್ದವು. ಜೀವನದಲ್ಲಿ ಮೊದಲ ಸಲ ನಾನು ಮಾಡಿದ ಕೆಲಸದ ಮುಂದೆ ಕೂತು ನನಗೆ ಭಯವಾಗಲಿಲ್ಲ. ಹಾಗೇ ಕೂತುಬಿಟ್ಟೆ.

ಅಷ್ಟರಲ್ಲಿ ಒಬ್ಬೊಬ್ಬರಾಗಿ ನಾಲ್ಕು ಜನ ಬಂದು ನನ್ನ ಪಕ್ಕ ಕೂತರು. ಪಾವಗಡದ ಕಡೆಯ ಒಬ್ಬ ಅಜ್ಜಿ ಮಗಳ ಜೊತೆ ಬಂದಿದ್ದಳು, ಕೆನ್ನೆ ಊದಿತ್ತು. ಇನ್ನಿಬ್ಬರು ಶಿರಾದವರೇ. ಎಲ್ಲರೂ ಮೀನು ನೋಡುತ್ತಿದ್ದರು, ಆದರೂ ಕಾಲು ಬಾಗಿಲ ಕಡೆಗೇ ತಿರುಗಿದ್ದವು. ಚೀಟಿ ಬರೆಯುವವಳು ಕತ್ತಲಲ್ಲಿ ಸಾಲಾಗಿ ಎಲ್ಲರ ಹೆಸರು ಕೇಳುತ್ತಾ ಬಂದಳು. ನಾನು ಯಾವುದೋ ಗುಂಗಿನಲ್ಲಿ ಹೆಸರು ಹೇಳಿದೆ. ಮೊದಲು ಬಂದವನು ನಾನು, ಮೊದಲನೇ ಚೀಟಿ ನನ್ನದಾಯಿತು.

ಡಾಕ್ಟರಮ್ಮ ಬಾಗಿಲು ತೆಗೆದು ನನ್ನ ಹೆಸರು ಕೂಗಿದರು. ನನ್ನ ಮುಖ ನೋಡಿ ಅವರಿಗೂ ತಪ್ಪು ಗೊತ್ತಾಯಿತು. ನಾನು "ನಾನಲ್ಲ" ಅನ್ನಲು ಎದ್ದೆ. ನಾನು ಎದ್ದ ರಭಸಕ್ಕೆ ಅಜ್ಜಿಯೂ ಸೆರಗು ಬಿಗಿದು ಎದ್ದಳು, ಅಜ್ಜಿಯ ಹಿಂದೆ ಮಗಳು, ಶಿರಾದ ಆ ಇಬ್ಬರೂ ಅರ್ಧ ಎದ್ದರು. ಮೊದಲನೆಯವನು ಓಡಿದರೆ ಉಳಿದವರೂ ಓಡುತ್ತಾರೆ. ಡಾಕ್ಟರಮ್ಮ ನನ್ನನ್ನೇ ನೋಡುತ್ತಿದ್ದರು. ನನ್ನ ಕಾಲು ಹೇಗೆ ಒಳಗೆ ಹೋಯಿತೋ ನಾನರಿಯೆ.

ಒಳಗೆ ಬಾಗಿಲು ಹಾಕಿಕೊಂಡು ಅವರು ಪಿಸುಗುಟ್ಟಿದರು, "ಸುಮ್ನೆ ಐದು ನಿಮಿಷ ಕೂತು ಹೋಗಿ ಅಣ್ಣ, ಸಾಕು. ನಗ್ತಾ ಹೊರಗೆ ಹೋಗಿ."

ಕೂತೆ. ಅಭ್ಯಾಸಬಲದಿಂದ ಅವರು "ಬಾಯಿ ತೆಗೀರಿ" ಅಂದರು, ಭಯದಿಂದ ನಾನು ತೆಗೆದೆ. ಅವರು ಬಗ್ಗಿ ನೋಡಿದರು. "ಅಣ್ಣ, ಈ ದವಡೆ ಹಲ್ಲು ಪೂರ್ತಿ ಹುಳುಕಾಗಿದೆಯಲ್ಲ. ನೋಯಲ್ವಾ?"

ಎರಡು ವರ್ಷದಿಂದ ನೋಯುತ್ತಿತ್ತು. ಹೆಂಡತಿಗೆ ಹೇಳಿದರೆ ಎಳೆದುಕೊಂಡು ಬರುತ್ತಾಳೆ ಅಂತ ಅವಳಿಗೂ ಹೇಳದೆ ಒಂದೇ ಕಡೆ ಅಗಿಯುತ್ತಿದ್ದೆ. ಇದನ್ನು ಕೀಳಲೇಬೇಕು ಅಂದರು. ಬಿ.ಪಿ., ಸಕ್ಕರೆ ಏನಾದರೂ ಇದೆಯಾ ಅಂತ ಕೇಳಿದರು. ಇಲ್ಲ ಅಂದುಬಿಟ್ಟೆ. ಇದೆ ಅಂದಿದ್ದರೆ ತಪ್ಪಿಸಿಕೊಳ್ಳಬಹುದಿತ್ತು ಅಂತ ಹೊಳೆಯುವಷ್ಟರಲ್ಲಿ ಸೂಜಿ ಕಣ್ಣೆದುರಿಗೆ ಬಂತು. ಕಿರುಚಲು ಉಸಿರೆಳೆದುಕೊಂಡೆ. ಬಾಗಿಲಾಚೆ ಕೂತವರ ಕಿವಿಯೆಲ್ಲ ಈ ಕಡೆಗೇ ಇವೆ ಅಂತ ನೆನಪಾಯಿತು. ಉಸಿರು ನುಂಗಿದೆ. ಸೂಜಿ ಒಳಗೆ ಹೋಗಿದ್ದು ಗೊತ್ತು, ಆಮೇಲೆ ಗೊತ್ತಿಲ್ಲ.

ಕಣ್ಣು ಬಿಟ್ಟಾಗ ಡಾಕ್ಟರಮ್ಮ ಫೈಲಿನಿಂದ ಗಾಳಿ ಬೀಸುತ್ತಿದ್ದರು. ಅವರ ಕೈ ನನ್ನ ಕೈಗಿಂತ ಜಾಸ್ತಿ ನಡುಗುತ್ತಿತ್ತು. "ಜೀವ ಬಾಯಿಗೆ ಬಂದಂಗಾಯ್ತು ಅಣ್ಣ. ಬೇಡ, ಇವತ್ತು ಬೇಡ" ಅಂದರು. ಕಣ್ಣಲ್ಲಿ ನೀರು. "ಪ್ರತಿ ಸಲ ನನಗೂ ಇಷ್ಟೇ ಭಯ. ಯಾರಿಗೂ ಹೇಳಿಲ್ಲ."

ನನಗಿಂತ ಹೆದರಿದವರನ್ನು ನಾನು ಅದುವರೆಗೆ ಕಂಡೇ ಇರಲಿಲ್ಲ. ಎಲ್ಲಿತ್ತೋ ಧೈರ್ಯ, ಮರಗಟ್ಟಿದ ಬಾಯಲ್ಲೇ ಹೇಳಿದೆ, "ಕೀಳಮ್ಮ. ನಾನು ಕೂಗಲ್ಲ."

ಅವರು ಕಿತ್ತರು. ಕೈ ಆಗ ನಡುಗಲಿಲ್ಲ. ನಾನೂ ಕೂಗಲಿಲ್ಲ.

ಹತ್ತಿ ಕಚ್ಚಿಕೊಂಡು ಹೊರಗೆ ಬಂದೆ. ನಗಬೇಕು ಅಂತ ನೆನಪಿತ್ತು, ಆದರೆ ಅರ್ಧ ಮುಖ ನನ್ನ ಮಾತು ಕೇಳಲಿಲ್ಲ, ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು. ನಾಲ್ಕು ಜನವೂ ಎದ್ದು ನಿಂತರು. ಎಲ್ಲ ಕೆಟ್ಟಿತು ಅಂದುಕೊಂಡೆ.

ಅಜ್ಜಿ ನನ್ನ ಮುಖದ ಹತ್ತಿರ ಮುಖ ತಂದು ಕೇಳಿದಳು, "ಏಮಯ್ಯಾ, ನೊಪ್ಪಿ ಆಯ್ತಾ? ನೋವಾಯ್ತಾ?"

ಬಾಯಿ ಬಿಟ್ಟರೆ ಹತ್ತಿ ಬೀಳುತ್ತೆ. ಇಲ್ಲ ಅಂತ ತಲೆ ಆಡಿಸಿದೆ. ಅಜ್ಜಿ ನನ್ನ ಕಣ್ಣೀರನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮಗಳ ಕೈಗೆ ತನ್ನ ಎಲೆ ಅಡಿಕೆ ಚೀಲ ಕೊಟ್ಟು ಅಂದಳು:

"ಚೂಡವೇ, ನೋಡೇ ಇಲ್ಲಿ, ನೋವೇ ಆಗ್ದಂಗೆ ಕಿತ್ತವ್ಳೆ ಅಂತ ಗಂಡ್ಸು ಎಂಗೆ ಸಂತೋಸಕ್ಕೆ ಅಳ್ತಾವ್ನೆ. ಜರುಗು, ನಾನು ಎರಡು ಕೀಳಿಸ್ಕೊಂಡ್ ಬತ್ತೀನಿ."