ಗುಂಟೂರು ಮುಡಿಪು

ಲಗ್ಗೆರೆಯಲ್ಲಿ ಖಾರದಪುಡಿ ಮಿಲ್ಲು ಇಟ್ಟಿರುವ ಭೈರೇಶನಿಗೆ ಈ ಲೋಕದಲ್ಲಿ ಯಾರ ಮೇಲೂ ದ್ವೇಷವಿಲ್ಲ, ಹೆಂಡತಿಯ ಅಣ್ಣ ನಂಜುಂಡಪ್ಪನೊಬ್ಬನನ್ನು ಬಿಟ್ಟು. ಆ ಒಬ್ಬನ ಮೇಲೆ ಇರುವುದನ್ನು ಪೊಟ್ಟಣ ಕಟ್ಟಿ ಹಂಚಿದರೆ ನಂಜುಂಡಪ್ಪನ ಇಡೀ ಚಂದ್ರಾ ಲೇಔಟಿಗೆ ಮನೆಗೊಂದರಂತೆ ಕೊಟ್ಟು, ಇನ್ನೂ ಒಂದು ಡಬ್ಬ ಮಿಗುತ್ತದೆ.

ಕಾರಣ ಹಳೆಯದು, ಆದರೆ ಘಾಟು ಹೋಗಿಲ್ಲ. ಭೈರೇಶನ ತಂಗಿಯ ಮದುವೆಯಲ್ಲಿ ಹೆಣ್ಣು ಒಪ್ಪಿಸುವ ಶಾಸ್ತ್ರ. ಮದುಮಗಳ ಕೈಯನ್ನು ಹಾಲಿನಲ್ಲಿ ಅದ್ದಿ, ಗಂಡಿನ ಮನೆಯವರ ಕೈಗೆ ಇಟ್ಟು, ‘ಇನ್ನು ನಿಮ್ಮ ಮಗಳು’ ಎನ್ನುವ ಶಾಸ್ತ್ರ. ಅಲ್ಲಿ ಅಳುವುದು ತಪ್ಪಲ್ಲ, ಅಳದಿದ್ದರೇ ತಪ್ಪು. ಆದರೆ ಎಲ್ಲರೂ ಒಂದು ಅಳತೆಯಲ್ಲಿ ಅಳುತ್ತಾರೆ. ಭೈರೇಶ ಹಾಲಿನ ಬಟ್ಟಲು ಬರುವ ಮೊದಲೇ ಶುರು ಮಾಡಿದವನು, ಮದುಮಕ್ಕಳ ಕಾರು ತಿರುವು ದಾಟಿದ ಮೇಲೂ ನಿಲ್ಲಿಸಲಿಲ್ಲ. ವಾಲಗದವರು ಇವನ ಮುಂದೆ ತಮ್ಮದು ಕೇಳಿಸುವುದಿಲ್ಲವೆಂದು ಊಟಕ್ಕೆ ಹೋದರು. ಆ ಪಂಕ್ತಿಯಲ್ಲಿ ಕೂತು ಹಪ್ಪಳ ಮುರಿಯುತ್ತಿದ್ದ ನಂಜುಂಡಪ್ಪ ಸುತ್ತಲಿನವರಿಗೆ ಕೇಳುವಂತೆ ಹೇಳಿದ:

“ಸಂಪಲ್ಲಿ ನೀರಿಲ್ಲ ಅಂತ ಅಡುಗೆಯೋರು ಕೂಗ್ತಾ ಇದ್ರಲ್ಲ, ನಮ್ಮ ಭೈರೇಶನ್ನ ಕರ್ಕೊಂಡೋಗಿ ನಿಲ್ಲಿಸ್ರಯ್ಯ. ಟ್ಯಾಂಕರ್ ಕಣ್ರಯ್ಯ ಇವನು.”

ಎಲೆ ಎತ್ತುವಷ್ಟರಲ್ಲಿ ಆ ಹೆಸರು ಛತ್ರ ದಾಟಿತ್ತು. ಸಂಜೆಯೊಳಗೆ ಕೆಂಗೇರಿ ಮುಟ್ಟಿತ್ತು. ಇವತ್ತಿಗೂ ನೆಂಟರ ಫೋನುಗಳಲ್ಲೆಲ್ಲ ಅವನು ‘ಟ್ಯಾಂಕರ್ ಭೈರೇಶ್’. ಹೋದ ಬೇಸಿಗೆಯಲ್ಲಿ ಯಾರ ಬಳಿಯೋ ಆ ನಂಬರ್ ಪಡೆದ ಅಪರಿಚಿತನೊಬ್ಬ ಫೋನ್ ಮಾಡಿ, ಒಂದು ಲೋಡು ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಿದ!

ಹಾಗೆ ನೋಡಿದರೆ ಭೈರೇಶನಿಗೆ ದೇವರು ಮೈಗೆ ದಪ್ಪ ಚರ್ಮ ಕೊಟ್ಟು, ಮನಸ್ಸಿಗೆ ಹಾಕುವಾಗ ಈರುಳ್ಳಿ ಸಿಪ್ಪೆಯಲ್ಲಿ ಕೆಲಸ ಮುಗಿಸಿಬಿಟ್ಟಿದ್ದ. ಗಿರಾಕಿಯೊಬ್ಬರು ‘ಆಯ್ತು ಬಿಡಿ’ ಅಂದರೆ, ಆ ‘ಬಿಡಿ’ಯಲ್ಲಿ ಏನಿತ್ತು ಎಂದು ವಾರವೆಲ್ಲ ಯೋಚಿಸುವನು. ಯಾವಾಗಲೂ ಚೀಲ ತುಂಬ ಮೆಣಸಿನಕಾಯಿ ತರುತ್ತಿದ್ದ ಅಜ್ಜಿ ಒಂದು ದಿನ ಬೊಗಸೆಯಷ್ಟು ತಂದರೆ, ಮನೆಯಲ್ಲಿ ಉಣ್ಣುವವರು ಕಡಿಮೆಯಾದರೇ ಎಂದು ಚಿಂತೆ ಹಿಡಿದು ಕೂಲಿ ಈಸಿಕೊಳ್ಳುವುದನ್ನೇ ಮರೆಯುವನು. ಅವನು ಈ ಮಿಲ್ಲನ್ನೇ ಹಿಡಿದದ್ದು ಏಕೆಂದು ಯಾರೂ ಕೇಳಿರಲಿಲ್ಲ. ಖಾರದ ಮಿಲ್ಲಿನವನ ಕಣ್ಣಲ್ಲಿ ನೀರು ಕಂಡರೆ ಯಾವನು ಲೆಕ್ಕ ಕೇಳುತ್ತಾನೆ? ಅಳು ಬಂತೋ, ಸ್ವಿಚ್ಚು ಹಾಕಿದ. ಮಿಲ್ಲಿನ ಹೊರಗಿರುವಾಗ ಬಂದರೆ ಸ್ವಿಚ್ಚು ಇಲ್ಲವಲ್ಲ, ಆಗ ಎದುರಿಗೆ ಸಿಕ್ಕವರ ಮೇಲೆ ರೇಗಿದ. ಬೀದಿನಾಯಿಯ ಮರಿ ಸತ್ತ ದಿನ ಗ್ಯಾಸ್ ಸಿಲಿಂಡರಿನವನಿಗೆ ಬೈದದ್ದು ಹೀಗೆಯೇ. ಬೀದಿಯವರೆಲ್ಲ ಅವನನ್ನು ಮುಂಗೋಪಿ ಅಂದುಕೊಂಡಿದ್ದರು. ಅದು ಅವನಿಗೆ ಹೆಮ್ಮೆಯೇ ಆಗಿತ್ತು.

ಗುಟ್ಟು ಹಿಡಿದವಳು ಮಗಳು ತುಂಗಾ. ಆಸ್ಪತ್ರೆಯಲ್ಲಿ ನರ್ಸು, ನೋವು ಎಲ್ಲಿದೆಯೆಂದು ಮುಖ ನೋಡಿ ಹೇಳುವವಳು.

“ಅಪ್ಪಾ, ನಿಂಗೆ ಬರೋದು ಸಿಟ್ಟಲ್ಲ ಕಣಪ್ಪ, ಅಳು. ನೀನು ಬಾಗಿಲು ಹಾಕ್ಕೊಂಡಿರ್ತೀಯ, ಅದು ಕಿಟಕಿಯಿಂದ ಹಾರುತ್ತೆ.”

ಈ ಮಾತಿಗೆ ಭೈರೇಶನಿಗೆ ವಿಪರೀತ ಸಿಟ್ಟು ಬಂದು, ಹೋಗಿ ಮಿಲ್ಲಿನ ಸ್ವಿಚ್ಚು ಹಾಕಿದ.

ಅದೇ ತುಂಗಾಳ ಮದುವೆ ಗೊತ್ತಾಯಿತು. ಹುಡುಗ ಜೀವನ್, ಪೀಣ್ಯದ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಛತ್ರ ನಂದಿನಿ ಲೇಔಟಿನಲ್ಲಿ. ಲಗ್ನಪತ್ರಿಕೆ ಈಸಿಕೊಳ್ಳಲು ಮನೆಗೆ ಬಂದ ನಂಜುಂಡಪ್ಪ ಕಾಫಿ ಹೀರುತ್ತಾ, ಈ ಸಲ ಛತ್ರಕ್ಕೆ ನೀರಿನ ಚಿಂತೆ ಇಲ್ಲ ಬಿಡು ಎಂದ. ಭೈರೇಶ ಎದ್ದು ನಿಂತ. ಪಂಚೆ ಎತ್ತಿ ಕಟ್ಟಿದ.

“ಭಾವ, ಒಂದು ಹನಿ. ಒಪ್ಪಿಸೋ ಶಾಸ್ತ್ರದಲ್ಲಿ ಒಂದು ಹನಿ ಅತ್ತೆ ಅಂದ್ರೆ, ನಾನಿರೋವರೆಗೂ ಟ್ಯಾಂಕರ್ ಅನ್ನಿ. ಅಳಲಿಲ್ಲ ಅಂದ್ರೆ?”

“ಅಳಲಿಲ್ಲ ಅಂದ್ರೆ ಛತ್ರದ ಮೈಕಲ್ಲೇ ಆ ಹೆಸರು ವಾಪಸ್ ತಗೋತೀನಿ. ‘ಭೈರೇಶಪ್ಪನೋರೇ, ತಪ್ಪಾಯ್ತು’ ಅಂತೀನಿ. ಸಾಕೇನಯ್ಯ?”

ಹೆಂಡತಿ ಕುಸುಮಾ ಲೋಟ ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯಿಂದ ಬಂದದ್ದು ಕೆಮ್ಮೋ ನಗುವೋ ತಿಳಿಯಲಿಲ್ಲ.

ಭೀಷಣ ಪ್ರತಿಜ್ಞೆಯೇನೋ ಆಯಿತು. ಆದರೆ ಅವತ್ತೇ ಮಗಳ ಹಳೆಯ ಚಪ್ಪಲಿ ಬಾಗಿಲಲ್ಲಿ ಒಂದು ಅತ್ತ, ಒಂದು ಇತ್ತ ಬಿದ್ದಿದ್ದು ಕಂಡೇ ಅವನು ಮಿಲ್ಲಿಗೆ ಓಡಿ ಸ್ವಿಚ್ಚು ಹಾಕಬೇಕಾಯಿತು. ಚಪ್ಪಲಿಗೇ ಹೀಗಾದರೆ ಹಾಲಿನ ಬಟ್ಟಲಿಗೆ ಹೇಗೆ? ಆಗ ಹೊಳೆಯಿತು ಮಹಾ ಉಪಾಯ. ಗುಂಟೂರು ಮೆಣಸಿನಕಾಯಿಯ ಪುಡಿ ಒಂದು ಹಿಡಿ. ಸೊಂಟದಲ್ಲಿ ಇಟ್ಟುಕೊಂಡಿದ್ದು, ಅಳು ಉಕ್ಕುವ ಹೊತ್ತಿಗೆ ಬೆರಳು ತಾಗಿಸಿ ಕಣ್ಣಿಗೆ ಸವರಿಬಿಟ್ಟರೆ ಮುಗಿಯಿತು. ಯಾರು ಕೇಳಿದರೂ, ಅಳು ಎಲ್ಲಿ ಬಂತು ಸ್ವಾಮೀ, ಮಿಲ್ಲಿನವನ ಕೈ, ಖಾರ ತಾಗಿತು ಅನ್ನಬಹುದು. ಮದುವೆಯ ದಿನ, ಯಾರಿಗೂ ಎದ್ದು ಕಾಣದಿರಲಿ ಎಂದು ಅಲ್ಲೇ ಸಿಕ್ಕಿದ ಅರಿಶಿನದ ಬಟ್ಟೆಯ ತುಂಡಿನಲ್ಲಿ ಪುಡಿ ಸುರಿದು, ಸಡಿಲವಾಗಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿದ. ತನ್ನ ಬುದ್ಧಿಗೆ ತಾನೇ ತಲೆದೂಗಿದ.

ಧಾರೆ ಮುಗಿಯಿತು. ಹಾಲಿನ ಬಟ್ಟಲು ಬಂತು. ಭೈರೇಶ ಎದೆ ಸೆಟೆಸಿಕೊಂಡು ಮಗಳ ಕೈ ಹಿಡಿದ, ಹಾಲಿನಲ್ಲಿ ಅದ್ದಿದ, ಬೀಗಿತಿ ಚಿಕ್ಕಲಕ್ಷ್ಮಮ್ಮನ ಅಂಗೈಗೆ ಇಡಲು ಬಗ್ಗಿದ. ಬಗ್ಗಿದಾಗ ಸೊಂಟದ ಗಂಟು ಜಾರಿ, ಹಾಲಿನ ಬಟ್ಟಲು ಇಟ್ಟಿದ್ದ ತಟ್ಟೆಗೆ ಬಿತ್ತು.

ಚಿಕ್ಕಲಕ್ಷ್ಮಮ್ಮ ಭಾರೀ ದೈವಭಕ್ತೆ. ಹಳದಿ ಬಟ್ಟೆಯ ಗಂಟು ಕಂಡ ಕೂಡಲೇ, ಇದು ಹೆಣ್ಣಿನ ಮನೆಯವರು ಮನೆದೇವರಿಗೆ ಕಟ್ಟಿದ ಮುಡಿಪು, ಹರಕೆಯ ಕಾಣಿಕೆ ಎಂದು ಅವರಿಗೆ ಖಾತ್ರಿಯಾಯಿತು. ಹಾಲಿನ ಕೈಯಲ್ಲೇ ಭಕ್ತಿಯಿಂದ ಎತ್ತಿಕೊಂಡು, “ಅಯ್ಯೋ, ದೇವ್ರು ಕೆಳಗೆ ಬಿತ್ತಲ್ಲಪ್ಪ” ಎಂದವರೇ ಎರಡೂ ಕಣ್ಣಿಗೆ ಒತ್ತಿಕೊಂಡರು.

ಭೈರೇಶ ಬಾಯಿ ತೆರೆದ. ಏನೆಂದು ಹೇಳುವುದು? ಬೀಗಿತಿಯವರೇ, ಅದು ದೇವರಲ್ಲ, ಗುಂಟೂರು ಎಂದೇ? ಅವನು ಯೋಚಿಸುವಷ್ಟರಲ್ಲಿ ಮುಡಿಪು ಮಗನ ಕೈಗೆ ಹೋಗಿತ್ತು. ಅಮ್ಮ ಮಾಡಿದಂತೆ ಜೀವನ್ ಕಣ್ಣಿಗೆ ಒತ್ತಿಕೊಂಡ. ಅವನಿಂದ ಈಸಿಕೊಂಡವನು ಸೋದರಮಾವನ ಗತ್ತಿನಲ್ಲಿ ಮದುಮಗಳ ಪಕ್ಕ ನಿಂತಿದ್ದ ನಂಜುಂಡಪ್ಪ. ಅವನು ಎಲ್ಲರಿಗಿಂತ ಗಟ್ಟಿಯಾಗಿ, ಕಣ್ಣು ತೆರೆದುಕೊಂಡೇ ಒತ್ತಿಕೊಂಡ.

ಆಮೇಲೆ ಚಿಕ್ಕಲಕ್ಷ್ಮಮ್ಮನಿಂದ ಹೊರಟ ಕೂಗಿಗೆ ವಾಲಗದವರು ಗಟ್ಟಿಮೇಳ ಬಾರಿಸಿದರು. ಜೀವನ್ ಪೇಟ ಕಿತ್ತು ಮುಖ ಒರೆಸಿಕೊಂಡ. ನಂಜುಂಡಪ್ಪ ಕೈ ಕೊಡವಿದ ರಭಸಕ್ಕೆ ಮುಡಿಪು ಬಿಚ್ಚಿಕೊಂಡು, ಮಂಟಪದ ಪಕ್ಕ ತಿರುಗುತ್ತಿದ್ದ ಆಳೆತ್ತರದ ಫ್ಯಾನಿನ ಮುಂದೆ ಹಾರಿತು. ಇನ್ನು ಹೇಳುವುದೇನು! ಮುಂದಿನ ಸಾಲಿನ ಬೀಗರು, ಅವರ ಹಿಂದಿನ ನೆಂಟರು, ಅಕ್ಷತೆ ಹಿಡಿದು ನಿಂತವರು, ಪುರೋಹಿತರು, ವಿಡಿಯೋದವನು, ಎಲ್ಲರೂ ಕಣ್ಣು ಮುಚ್ಚಿ ಗೊಳೋ ಎಂದರು. ಹಿಂದೆ ಕೂತಿದ್ದ ಹೆಂಗಸರಿಗೆ ಪುಡಿ ತಲುಪಲೇ ಇಲ್ಲ. ಗಂಡಿನ ಕಡೆಯವರೇ ಹೀಗೆ ಅಳುವುದನ್ನು ಕಂಡು, ಎಂಥಾ ಸಂಬಂಧವಪ್ಪಾ ಎಂದು ಅವರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಒಪ್ಪಿಸಲು ತಂದ ಹಾಲಿನಲ್ಲಿ ಕುಸುಮಾ, ತನ್ನ ಕಣ್ಣು ಒರೆಸಿಕೊಳ್ಳುತ್ತಲೇ, ಬೀಗಿತಿಯ ಕಣ್ಣು ತೊಳೆಯತೊಡಗಿದಳು.

ಇಡೀ ಮಂಟಪದಲ್ಲಿ ಒಣಗಿದ ಕಣ್ಣು ಎರಡು ಜೊತೆ. ವರ್ಷಗಟ್ಟಲೆ ಖಾರ ಕುಡಿದು ಪಳಗಿದ ಭೈರೇಶನದು ಒಂದು. ಅದೇ ಮಿಲ್ಲಿನ ಘಾಟಿನಲ್ಲಿ ತೊಟ್ಟಿಲು ತೂಗಿಸಿಕೊಂಡ ತುಂಗಾಳದು ಇನ್ನೊಂದು.

ಭೈರೇಶನಿಗೆ ಗೆಲುವು ಕಣ್ಣೆದುರೇ ಕುಣಿಯಿತು. ಒಂದು ಹನಿ ಬಿದ್ದಿಲ್ಲ! ನಂಜುಂಡಪ್ಪ ಕುರುಡನಂತೆ ಗಾಳಿಯಲ್ಲಿ ಕೈ ತಡವುತ್ತಾ, ಸೋತೆ ಕಣಯ್ಯ, ಮೈಕಾದರೂ ಕೊಡಿ, ನೀರಾದರೂ ಕೊಡಿ ಎನ್ನುತ್ತಿದ್ದ. ಭೈರೇಶ ಮೈಕಿನ ಕಡೆ ಹೆಜ್ಜೆ ಎತ್ತಿದ. ಯಾರೋ ಪಂಚೆಯ ಅಂಚು ಹಿಡಿದು ಜಗ್ಗಿದರು.

ತುಂಗಾ. ಅವಳು ಕೆಳಗೆ ಬಿದ್ದ ಹಳದಿ ಬಟ್ಟೆ ಎತ್ತಿ, ಮೂಸಿ, ಎಲ್ಲ ಅರ್ಥ ಮಾಡಿಕೊಂಡಿದ್ದಳು. ಬೈಯುತ್ತಾಳೆ ಅಂದುಕೊಂಡ. ಅವಳ ಗಲ್ಲ ನಡುಗುತ್ತಿತ್ತು. ಮೆಲ್ಲಗೆ ಕೇಳಿದಳು:

“ಅಪ್ಪಾ, ಇನ್ನೊಂದು ಚಿಟಿಕೆ ಇದೆಯಾ? ನಂಗೂ ನೆಪ ಬೇಕು ಕಣಪ್ಪ.”

ಅಷ್ಟೇ. ಈ ತೆಳು ಚರ್ಮ ತನ್ನೊಬ್ಬನದೇ ಅಂದುಕೊಂಡು ಇಷ್ಟು ವರ್ಷ ಬಚ್ಚಿಟ್ಟಿದ್ದ. ಮಗಳು ಅದನ್ನೇ ಹೊದ್ದುಕೊಂಡು ಬೆಳೆದಿದ್ದಳು. ಎಷ್ಟೋ ರೋಗಿಗಳ ನೋವು ಹೇಳುವ ಮುನ್ನವೇ ಅವಳಿಗೆ ತಿಳಿಯುತ್ತಿದ್ದದ್ದು ಇದರಿಂದಲೇ. ಭೈರೇಶನ ಎದೆ ಹೆಮ್ಮೆಯಿಂದ ಉಬ್ಬಿತು, ಉಬ್ಬಿದ್ದು ಒಡೆಯಿತು. ನೆಪ ಬೇಡ ಬಾರವ್ವ ಎಂದು ಮಗಳನ್ನು ತಬ್ಬಿಕೊಂಡವನು, ತಂಗಿಯ ಮದುವೆಯ ದಾಖಲೆಯನ್ನು ತಾನೇ ಮುರಿಯುವ ಹಾಗೆ ಅತ್ತ. ಅವಳೂ ಅತ್ತಳು. ಬೈಯಲು ಆ ಹೊತ್ತಿಗೆ ಯಾರೂ ನೆನಪಾಗಲಿಲ್ಲ.

ಊಟದ ಪಂಕ್ತಿಯಲ್ಲಿ ಕೆಂಡಗಣ್ಣಿನ ನಂಜುಂಡಪ್ಪ ಪಂಚಾಯಿತಿ ಹೂಡಿದ. ನೀನು ಅತ್ತೆ, ನಾನು ಗೆದ್ದೆ ಎಂದ. ನೋಡಿದ್ದೀರಾ ಎಂದು ಭೈರೇಶ ಕೇಳಿದ.

“ಕಣ್ಣು ಮುಚ್ಚಿತ್ತು. ಆದ್ರೆ ಕೇಳಿಸ್ತು ಕಣಯ್ಯ. ಆ ಶಬ್ದ ನಾನು ಮರೆಯೋದುಂಟಾ?”

ಪಂಥ ಹನಿಯದ್ದು, ಶಬ್ದದ್ದಲ್ಲ ಎಂದು ಭೈರೇಶ ವಾದಿಸಿದ. ವಿಡಿಯೋ ಹಾಕಿ ನೋಡಿದರೆ, ಆ ಹೊತ್ತಿನಲ್ಲಿ ಛತ್ರದ ಸೂರು ಮಾತ್ರ ಇತ್ತು. ಚಿಕ್ಕಲಕ್ಷ್ಮಮ್ಮನೋ, ಮುಟ್ಟಿದ ಕೂಡಲೇ ಕಣ್ಣೀರು ತರಿಸಿದ ಆ ದೇವರು ಯಾವುದು, ಎಲ್ಲಿದೆ, ಮಗ-ಸೊಸೆಯನ್ನು ಕರೆದುಕೊಂಡು ಹೋಗಬೇಕು ಎಂದು ಇಂದಿಗೂ ಕೇಳುತ್ತಿದ್ದಾರೆ.

ಮಾರನೆಯ ಬೆಳಿಗ್ಗೆ ಬಾಗಿಲಲ್ಲಿ ಮಗಳ ಚಪ್ಪಲಿ ಇರಲಿಲ್ಲ. ಭೈರೇಶ ನೇರ ಮಿಲ್ಲಿಗೆ ಹೋಗಿ ಸ್ವಿಚ್ಚು ಹಾಕಿದ. ಸ್ವಲ್ಪ ಹೊತ್ತಿಗೆ ಕುಸುಮಾ ಕಾಫಿ ತಂದಳು. ಅವನು ಮುಖ ತಿರುಗಿಸಿ, ಖಾರ, ಖಾರ ಎಂದು ಗೊಣಗಿದ.

“ರೀ, ಮೆಣಸಿನಕಾಯಿ ಬಿದ್ದ ಮಿಷನ್ ಶಬ್ದ ಬೇರೆ, ಖಾಲಿ ಮಿಷನ್ ಶಬ್ದ ಬೇರೆ. ಮದುವೆ ಆದಾಗಿನಿಂದ ಕೇಳ್ತಾ ಇದೀನಿ. ಮನೆಗೆ ಬಂದು ಅಳಿ, ಕರೆಂಟಾದ್ರೂ ಉಳಿಯುತ್ತೆ.”

ಬೀದಿಯೇ ಹೆದರುವ ಮುಂಗೋಪಿ ಭೈರೇಶ ತೆಪ್ಪಗೆ ಸ್ವಿಚ್ಚು ಆರಿಸಿ ಕಾಫಿ ಕುಡಿದ.

ಲೋಟ ಕೆಳಗಿಡುವಾಗ ಬಾಗಿಲಲ್ಲಿ ನಂಜುಂಡಪ್ಪ. ಕೈಯಲ್ಲಿ ತೊಟ್ಟನ್ನೂ ಬಿಡಿಸದ ಒಂದು ಹಿಡಿ ಮೆಣಸಿನಕಾಯಿ. ಮನೆಯಲ್ಲಿ ಪುಡಿ ಮುಗಿದಿತ್ತು ಎಂದ. ಚಂದ್ರಾ ಲೇಔಟಿನಿಂದ ಇಲ್ಲಿಗೆ ಬರುವ ದಾರಿಯಲ್ಲಿ ಮಿಲ್ಲುಗಳಿಗೇನು ಬರವಿಲ್ಲ. ತುಂಗಾ ಮಗುವಾಗಿದ್ದಾಗ ಅವಳನ್ನು ಹೆಗಲ ಮೇಲೆ ಹೊತ್ತು ಲಗ್ಗೆರೆಯೆಲ್ಲ ಸುತ್ತಿದವನು ಅವನೇ. ಈಗ ಭೈರೇಶ ಮೆಣಸಿನಕಾಯಿ ಸುರಿದು ಸ್ವಿಚ್ಚು ಹಾಕಿದರೆ, ನಂಜುಂಡಪ್ಪ ಮಿಷನ್ನಿಗೆ ಒತ್ತಿಕೊಂಡು ನಿಂತ. ಕಣ್ಣು ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

ಮೆಣಸಿನಕಾಯಿ ಯಾವಾಗಲೋ ಮುಗಿದಿತ್ತು. ಭೈರೇಶ ಸ್ವಿಚ್ಚು ಆರಿಸಲಿಲ್ಲ.

ಬಹಳ ಹೊತ್ತಾದ ಮೇಲೆ ನಂಜುಂಡಪ್ಪ ಪೊಟ್ಟಣ ತೆಗೆದುಕೊಂಡು, “ಪುಡಿ ನುಣ್ಣಗೆ ಬಂದಿದೆ ಕಣೋ ಟ್ಯಾಂಕರ್” ಎಂದು ಮೆಟ್ಟಿಲಿಳಿದ.

ಮೈಕಿನ ಮಾತು ಇವತ್ತಿಗೂ ಬಾಕಿ.